ಬಾಗಿಲಾಚೆಯ ಮಲ್ಲಿಗೆ

"ಚಪ್ಪಲಿ ಬಿಚ್ಚು" ಎಂದ ಮುನೇಶ್, ಮುಖ ನೋಡದೆ.

ಶಿರೀಷಾ ಬಗ್ಗಿ ಚಪ್ಪಲಿ ಬಿಚ್ಚಿದಳು. ಒಂದು ತಿಂಗಳಿಂದ ಮಾತಿಲ್ಲ, ಕತೆಯಿಲ್ಲ. ಈಗ ಮೈಸೂರು ಅರಮನೆಯ ಮುಂದೆ, ಅಷ್ಟು ಜನರ ನಡುವೆ ಅತ್ತೆಯ ಮಗ ಆಡಿದ ಮೊದಲ ಮಾತು ಇದು...

ಮನೆಯವರೆಲ್ಲರ ಚಪ್ಪಲಿಯನ್ನು ಒಂದೇ ಚೀಲಕ್ಕೆ ತುಂಬಿ ಚಪ್ಪಲಿ ಸ್ಟ್ಯಾಂಡಿಗೆ ಕೊಟ್ಟು ಅವನು ಟೋಕನ್ ಜೇಬಿಗಿಳಿಸಿದ. ಅವಳ ಚಪ್ಪಲಿಯನ್ನು ಮಾತ್ರ ಮಣ್ಣು ಕೊಡವಿ ಹಾಕಿದ. 'ಇದೆಲ್ಲ ಬರುತ್ತೆ, ಮಾತಾಡಿಸೋಕೆ ಬರಲ್ಲ' ಎಂದು ಅವಳು ಒಳಗೇ ಕುದಿದಳು.

ಶಿರೀಷಾಳ ಅಪ್ಪ, ಯಲ್ದೂರಿನ ಮಾವಿನ ತೋಟದ ವೆಂಕಟರಾಯಪ್ಪ, ಮನೆಮಂದಿಯನ್ನೆಲ್ಲ ಟೆಂಪೋಗೆ ಹತ್ತಿಸಿಕೊಂಡು ಹೊರಟಿದ್ದು ಅರಮನೆ ನೋಡಲು ಎಂದೇ ಊರು ನಂಬಿತ್ತು. ಅಸಲು ವಿಷಯ ಬೇರೆ. ಶಿರೀಷಾಳಿಗೆ ನೋಡಿದ್ದ ಗಂಡು, ಮಾಲೂರಿನ ಅಮರನಾಥನ ಮನೆಯವರೂ ಇವತ್ತೇ ಅರಮನೆಗೆ ಬರುವವರಿದ್ದರು. ಹುಡುಗ ಹುಡುಗಿ ಒಪ್ಪಿದರೆ ಮಾತು ಮುಂದಕ್ಕೆ. ಇಲ್ಲವಾದರೆ ಎರಡೂ ಮನೆಯವರು ಅರಮನೆ ನೋಡಿ ಬಂದರು, ಅಷ್ಟೇ. ಹೆಣ್ಣುಮಗಳ ಹೆಸರು ಊರ ಬಾಯಿಗೆ ಬೀಳಬಾರದಲ್ಲ!

ಇದರಲ್ಲಿ ಮುನೇಶನಿಗೇನು ಕೆಲಸ? ಇತ್ತು. ಅವನು ವರಸೆಯಾದವನು, ಎಂದರೆ ಅವಳನ್ನು ಮದುವೆಯಾಗುವ ಸಂಬಂಧದವನು; ಹುಡುಗಿಯ ಮೇಲೆ ಮೊದಲ ಹಕ್ಕು ಅವನದು. ಅವಳನ್ನು ಹೊರಗೆ ಕೊಡುವುದಾದರೆ ಅವನೇ ಕೈಯಾರೆ ಗಂಡಿನವರಿಗೆ ಎಲೆ ಅಡಿಕೆ ಕೊಟ್ಟು ಒಪ್ಪಿಗೆ ಹೇಳಬೇಕು. ಅದು ಆ ಮನೆಯ ಪದ್ಧತಿ. ತಂದೆಯಿಲ್ಲದ ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಸೋದರಮಾವ ಬಾ ಎಂದಾಗ ಅವನು ಬರುವುದಿಲ್ಲ ಎನ್ನುವುದು ಹೇಗೆ?

ಶಿರೀಷಾಳಿಗೂ ಬಾಯಿರಲಿಲ್ಲ. ಮಾಲೂರಿನ ಸಂಬಂಧಕ್ಕೆ ಹೂಂ ಎಂದವಳು ಅವಳೇ.

ಒಳಗೆ ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿ ತೋರಿಸಿ, ರಾಜಮನೆತನದ ಮದುವೆಗಳು ನಡೆದದ್ದು ಇಲ್ಲೇ ಎಂದು ಯಾರೋ ಹೇಳುತ್ತಿದ್ದರು. ಒಳ್ಳೆಯ ಶಕುನ ಎಂದು ತಾಯಿ ಶ್ಯಾಮಲಮ್ಮ ಕೈಮುಗಿದರು. ಶಿರೀಷಾ ಮೇಲಿನ ನವಿಲುಗಳನ್ನು ನೋಡುತ್ತಲೇ ಇದ್ದಳು, ಕಣ್ಣು ತುಂಬಿ ಅವು ಕಲಸಿಹೋದವು. ಹಿಂದಿನಿಂದ ಜನ ನುಗ್ಗಿದಾಗ ಒಂದು ತೋಳು ಅಡ್ಡ ಬಂತು. ಮುನೇಶನದು. ಅವಳನ್ನು ಮುಟ್ಟದೆ, ಜನರನ್ನು ತಡೆದು ನಿಂತಿತ್ತು.

'ಅವತ್ತು ಇದೇ ಕೈಯಲ್ಲವೇ ನನಗೆ ಬಾಗಿಲು ತೋರಿಸಿದ್ದು...'

ಹೋದ ತಿಂಗಳು ಅವಳು ತಲೆ ತುಂಬ ಮಲ್ಲಿಗೆ ಮುಡಿದು, ಸೆಂಟು ಹಾಕಿಕೊಂಡು, ತಾಯಲೂರಿನ ಅವನ ರೇಷ್ಮೆ ಹುಳದ ಮನೆಗೆ ಹೋಗಿದ್ದಳು. ಮನಸ್ಸಿನಲ್ಲಿದ್ದುದನ್ನು ಹೇಳಿಬಿಡಬೇಕೆಂದೇ ಹೋಗಿದ್ದಳು. ಹೊಸ್ತಿಲು ದಾಟಿದ್ದೇ ತಡ, ಅವನು ಆಳುಗಳ ಮುಂದೆಯೇ ಹೊರಗೆ ನಡಿ ಎಂದು ಕೂಗಿ ಬಾಗಿಲು ಹಾಕಿಕೊಂಡಿದ್ದ. ಮನೆಗೆ ಬಂದವಳು ಹೂವನ್ನು ಕಿತ್ತೆಸೆದಳು. ಅಪ್ಪ ಮಾಲೂರಿನ ಮಾತೆತ್ತಿದ್ದೇ ಸರಿ, ಹೂಂ ಎಂದಳು.

ಅರಮನೆಯಿಂದ ಹೊರಬಂದರೆ ಬಿಸಿಲಿಗೆ ನೆಲ ಸುಡುತ್ತಿತ್ತು. ಚಪ್ಪಲಿ ಬಿಡಿಸಿಕೊಳ್ಳುವ ಮೊದಲೇ ಮಾಲೂರಿನವರ ಫೋನು ಬಂತು, ಅರಮನೆಯ ತೋಟದ ಕಡೆ ಬರುತ್ತಿದ್ದಾರಂತೆ. ಎಲ್ಲರೂ ಬರಿಗಾಲಲ್ಲೇ ಮರದ ನೆರಳಿಗೆ ಓಡಿದರು. ವೆಂಕಟರಾಯಪ್ಪ ಗಂಡಿನವರನ್ನು ಎದುರುಗೊಳ್ಳಲು ಹೊರಟರು. ಶ್ಯಾಮಲಮ್ಮ ಬ್ಯಾಗಿನಿಂದ ಮೈಸೂರು ಮಲ್ಲಿಗೆ ತೆಗೆದರು.

"ನಂಗೆ ಹೂ ಬೇಡಮ್ಮ" ಎಂದಳು ಶಿರೀಷಾ. "ಹೂ ಮುಡ್ಕೊಂಡು ಹೋದಾಗಲೇ ಬಾಗಿಲಿಂದ ಆಚೆ ಹಾಕಿಸ್ಕೊಂಡಿದ್ದು."

ಶ್ಯಾಮಲಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಹೂವನ್ನು ಮಗಳ ಮಡಿಲಲ್ಲಿಟ್ಟು, ಕುಂಕುಮದ ಭರಣಿ ಹುಡುಕತೊಡಗಿದರು. ಮುನೇಶನಿಗೆ ಮಾತ್ರ ತಿಳಿಯಿತು; ಅವಳ ಬಳಿ ಸರಿದು ದನಿ ತಗ್ಗಿಸಿದ.

"ಸಿರೀ... ಹುಳ ಜ್ವರಕ್ಕೆ ಕೂತಿದ್ವು ಕಣೇ, ಮೇವು ಬಿಟ್ಟು ಪೊರೆ ಕಳಚೋ ಹೊತ್ತು. ಆ ಹೊತ್ತಲ್ಲಿ ಹೂವಿನ ವಾಸನೆ, ಸೆಂಟಿನ ವಾಸನೆ ಬಿದ್ರೆ ಹುಳ ಉಳಿಯಲ್ಲ ಅಂತ ನಮ್ಮಲ್ಲಿ ಯಾರನ್ನೂ ಒಳಗೆ ಬಿಡಲ್ಲ. ನಿಂಗೂ ಗೊತ್ತಿರುತ್ತೆ ಅಂದ್ಕೊಂಡೆ." ಅವನು ಅವಳ ಮಡಿಲ ಮಲ್ಲಿಗೆಯ ಕಡೆ ಕೈ ತೋರಿಸಿದ. "ನಾನು ಹೂವನ್ನ ಆಚೆ ಕಳ್ಸಿದೆ. ನಿನ್ನನ್ನಲ್ಲ."

ಆಮೇಲಾದರೂ ಯಾಕೆ ಬರಲಿಲ್ಲ ಎಂದು ಕೇಳಿದಳು. ಹುಳ ಗೂಡು ಕಟ್ಟುವವರೆಗೆ ಬಿಟ್ಟು ಬರುವಂತಿರಲಿಲ್ಲ, ಬರುವಷ್ಟರಲ್ಲಿ ಅವಳು ಒಪ್ಪಿಯಾಗಿತ್ತು ಎಂದ. ಓದಿದ ಹುಡುಗಿಗೆ ಹುಳದ ಮನೆ ಬೇಡವಾಯಿತೇನೋ ಎಂದುಕೊಂಡು ಸುಮ್ಮನಾಗಿದ್ದನಂತೆ!

ಶಿರೀಷಾ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಈಗ ತಿಳಿದು ಏನು ಬಂತು? ಅಪ್ಪ ಗಂಡಿನವರನ್ನು ಕರೆದುಕೊಂಡು ಬರುತ್ತಿದ್ದರು.

ಅಮರನಾಥ್ ಒಳ್ಳೆಯವನಂತೆಯೇ ಇದ್ದ. ಅದೇ ಇನ್ನೂ ಸಂಕಟ. ದೂರಲು ಅವನಲ್ಲಿ ಏನೂ ಇರಲಿಲ್ಲ. ಕುಶಲ ಮುಗಿಯಿತು, ಹುಡುಗಿ ಹಿಡಿಸಿದಳು ಎಂದು ಅವನ ತಾಯಿ ಹೇಳಿದ್ದೂ ಆಯಿತು. ವೆಂಕಟರಾಯಪ್ಪ ಹಿಗ್ಗಿ, ಎಲೆ ಅಡಿಕೆಯನ್ನು ಸೋದರಳಿಯ ಮುನೇಶನ ಕೈಗಿಟ್ಟರು.

"ವರಸೆಯವನು ನೀನು. ಒಪ್ಪಿಗೆ ಅಂತ ಒಂದು ಮಾತು ಅಂದು ಕೊಟ್ಬಿಡಪ್ಪ."

ಮುನೇಶ್ ಎದ್ದ. ಎರಡು ಹೆಜ್ಜೆ ನಡೆದ. ಅಮರನಾಥ್ ಕೈ ಚಾಚಿದ. ಎಲೆ ಮುನೇಶನ ಕೈ ಬಿಟ್ಟು ಮುಂದೆ ಹೋಗಲಿಲ್ಲ. 'ಕೊಡಬೇಡ ಬಾವ...' ಶಿರೀಷಾಳ ಬಾಯಿಯವರೆಗೆ ಬಂದ ಮಾತು ಅಪ್ಪನ ಮುಖ ಕಂಡು ಅಲ್ಲೇ ನಿಂತಿತು.

"ಮಾವ, ನನ್ ಕೈಲಾಗಲ್ಲ" ಎಂದ ಮುನೇಶ್. ತಿರುಗಿ ಬಂದು ಎಲೆಯನ್ನು ಅವರ ಪಾದದ ಹತ್ತಿರ ಇಟ್ಟ. "ನೀವು ಹೊಡೀರಿ, ಬೈರಿ. ಇವಳನ್ನ ಕೊಡು ಅಂತ ಮಾತ್ರ ನನಗೆ ಹೇಳ್ಬೇಡಿ."

ಸಿಟ್ಟು ಬಂದರೆ ವೆಂಕಟರಾಯಪ್ಪನಿಗೆ ಬರುವುದು ತೆಲುಗೇ. "ಏಮಿರಾ ಇದಿ?" ಎಂದು ಕೈ ಎತ್ತಿದವರು, ಮಗಳು ಬಿಕ್ಕಿದ್ದು ಕೇಳಿ ಅವಳತ್ತ ತಿರುಗಿದರು.

"ನಂದೇ ತಪ್ಪು ಅಪ್ಪ" ಎಂದಳು ಶಿರೀಷಾ. "ಬಾವನ ಮೇಲಿನ ಕೋಪಕ್ಕೆ ಹೂಂ ಅಂದ್ಬಿಟ್ಟೆ."

ಚಾಚಿದ್ದ ಕೈಯನ್ನು ಅಮರನಾಥ್ ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ಅವನ ಮುಖ ಕೆಂಪಗಾಗಿತ್ತು.

"ಬಿಡಿ ಯಜಮಾನ್ರೇ" ಎಂದ. "ನಾವು ಅರಮನೆ ನೋಡೋಕೆ ಬಂದಿದ್ವಿ. ನೀವೂ ಅಷ್ಟೇ."

ಗಂಡಿನವರು ಹೊರಟರು. ವೆಂಕಟರಾಯಪ್ಪ ಬಗ್ಗಿ ಎಲೆ ಅಡಿಕೆ ಎತ್ತಿ, ಇನ್ನು ಇದು ಮನೆಯಲ್ಲೇ ಉಳಿಯಲಿ ಎಂದು ತಮ್ಮ ಜೇಬಿಗಿಟ್ಟುಕೊಂಡರು. ಹುಡುಗಿ ಕಾಲು ಸುಟ್ಟುಕೊಳ್ಳುತ್ತಾಳೆ, ಹೋಗಿ ಚಪ್ಪಲಿ ತಾ ಎಂದು ಅಳಿಯನನ್ನು ಗದರಿದರು.

ಮುನೇಶ್ ಬರಿಗಾಲಲ್ಲಿ ಓಡಿ ಹೋಗಿ ತಂದ. ಅವಳ ಕಾಲ ಬಳಿ ಚಪ್ಪಲಿ ಜೋಡಿಸಿಟ್ಟ.

ಮಡಿಲ ಮಲ್ಲಿಗೆಯನ್ನು ಅವಳು ನೇವರಿಸಿದಳು. "ಮನೇಲಿ ಈಗಲೂ ಹುಳ ಇದ್ಯಾ ಬಾವ?"

"ಇದೆ. ಹೊಸ ಮರಿ, ಇವತ್ತು ಆಳುಗಳು ನೋಡ್ಕೋತಿದ್ದಾರೆ. ಯಾವಾಗ್ಲೂ ಇರುತ್ತೆ."

"ಹಾಗಾದ್ರೆ ನಾನು ಹೂ ಮುಡಿಯೋ ಹಾಗೇ ಇಲ್ವಾ?"

"ಹುಳದ ಮನೆ ಬಾಗಿಲ ಆಚೆ ಒಂದು ಮೊಳೆ ಹೊಡೀತೀನಿ" ಎಂದ ಮುನೇಶ್. "ಹೂವನ್ನ ಅದಕ್ಕೆ ತಗುಲಿಹಾಕಿ ನೀನು ಒಳಗೆ ಬಾ."

"ಆಚೆ ಬಂದಾಗ?"

"ನಾನೇ ಮುಡಿಸ್ತೀನಿ."