ಹಾರ್ನಿನಲ್ಲಿ ಕೇಳದ ಗಿಟಾರು

"ನಾಲ್ಕೇ ನಿಮಿಷ ಆ ಗರಗಸ ನಿಲ್ಲಿಸ್ತೀರಾ? ಮೇಲೆ ಒಬ್ಬರು ಹಾಡ್ತಿದ್ದಾರೆ."

ಶೆಡ್ಡಿನ ಬಾಗಿಲಲ್ಲಿ ನಿಂತವನ ಕುತ್ತಿಗೆಯಲ್ಲಿ ಹೆಡ್‌ಫೋನ್ ನೇತಾಡುತ್ತಿತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎರಡು ಮಹಡಿ ಓಡಿ ಇಳಿದು ಬಂದು ಏದುಸಿರು ಬಿಡುತ್ತಿದ್ದ.

ಅವಳು ಗರಗಸ ನಿಲ್ಲಿಸಲಿಲ್ಲ.

"ಕೆಳಗೆ ಒಬ್ಬಳು ಕೆಲಸ ಮಾಡ್ತಿದ್ದಾಳೆ."

"ಭಾನುವಾರಾನಾ?"

"ಮಿಕ್ಕ ಆರು ದಿನ ಬೇರೆಯವರ ಕೆಲಸ ಮಾಡ್ತೀನಿ. ಭಾನುವಾರ ನನ್ನದು."

ಅವಳ ಮೊಣಕಾಲಿನ ಕೆಳಗೆ ಸಿಕ್ಕಿಕೊಂಡಿದ್ದ ಹಲಗೆಯ ಮೇಲೆ ಅವನ ಕಣ್ಣು ಬಿತ್ತು. ಸೊಂಟ ಬಳುಕಿದ, ಒಂದು ಕಡೆ ಕೊಂಬು ಮೂಡಿದ್ದ ಹಲಗೆ.

"ಇದು... ಎಲೆಕ್ಟ್ರಿಕ್ ಗಿಟಾರಾ? ನೀವೇ ಮಾಡ್ತಿದ್ದೀರಾ?"

"ಇಲ್ಲ, ಇಸ್ತ್ರಿ ಟೇಬಲ್ಲು. ಮೇಲೆ ಯಾರೋ ಹಾಡ್ತಿದ್ರಲ್ಲ, ಹೋಗಿ!"

ಅವನು ಹೋದ. ಅವಳು ಹತ್ತು ಎಣಿಸಿ ಗರಗಸ ಕೆಳಗಿಟ್ಟಳು. ನಾಲ್ಕಲ್ಲ, ಎಂಟು ನಿಮಿಷ ಸುಮ್ಮನೆ ಕೂತಳು. ಯಾಕೆ ಅಂತ ಅವಳಿಗೇ ಗೊತ್ತಾಗಲಿಲ್ಲ.

ಮೇಜು, ಬಾಗಿಲು ಮಾಡುವ ಕಾರ್ಖಾನೆಯ ಪಾಲಿಶ್ ವಿಭಾಗದಲ್ಲಿ ಅವಳಿಗೆ ಕೆಲಸ. ಬಾಯಿ ತೆರೆದರೆ ಸೀಳುತ್ತಾಳೆ ಅಂತ ಜೊತೆಯ ಹೆಂಗಸರು ಇಟ್ಟ ಹೆಸರೂ ಗರಗಸ ಅಂತಲೇ. ಕಾರ್ಖಾನೆ ಬೇಡವೆಂದು ಎಸೆದ ಹಲಗೆಗಳನ್ನು ಕೇಳಿ ತಂದು, ಮನೆಯ ಕೆಳಗಿನ ಸ್ಕೂಟರ್ ಶೆಡ್ಡಿನಲ್ಲಿ ಗಿಟಾರ್ ಮಾಡುತ್ತಿದ್ದಳು.

ಇದು ಎರಡನೆಯದು. ಮೊದಲನೆಯದನ್ನು ವಾದ್ಯದಂಗಡಿಯವನೊಬ್ಬ "ನೋಡಿ ಕೊಡ್ತೀನಿ" ಅಂತ ತೆಗೆದುಕೊಂಡು ಹೋಗಿ, ತಾನೇ ಮಾಡಿದ್ದೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟ. ಕೇಳಲು ಹೋದರೆ, "ಹೆಂಗಸರು ಗಿಟಾರ್ ಮಾಡ್ತಾರಾ?" ಅಂತ ಗಿರಾಕಿಗಳ ಎದುರೇ ನಕ್ಕ. ಆ ನಗು ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಹಾಗೆ ಇನ್ನೊಬ್ಬ ತನ್ನನ್ನು ಅಳಿಸಿಹಾಕಲು ಬಿಡಬಾರದು ಅಂತ ಅವತ್ತೇ ತೀರ್ಮಾನಿಸಿದ್ದಳು.

ಮುಂದಿನ ಭಾನುವಾರ ಅವನು ಚಪ್ಪಲಿ ಹಾಕಿಕೊಂಡೇ ಬಂದ.

"ಇವತ್ತು ಹತ್ತರಿಂದ ಹನ್ನೊಂದು ರೆಕಾರ್ಡಿಂಗ್. ಆಮೇಲೆ ನೀವು ಏನು ಬೇಕಾದ್ರೂ ಸೀಳಬಹುದು. ನನ್ನನ್ನೂ ಸೇರಿಸಿ!"

ಅವಳಿಗೆ ನಗು ತಡೆಯಲಾಗಲಿಲ್ಲ.

ಅವನು ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವವನು. ರಜೆಯ ದಿನ ಮಲಗುವ ಕೋಣೆಯಲ್ಲೇ ಹಾಡು ರೆಕಾರ್ಡ್ ಮಾಡಿ, ಮಿಕ್ಸ್ ಮಾಡಿಕೊಡುತ್ತಿದ್ದ. ಭಾನುವಾರಗಳು ಇಬ್ಬರ ನಡುವೆ ಹಂಚಿಹೋದವು: ಹನ್ನೊಂದರವರೆಗೆ ಅವನ ಹಾಡು, ಆಮೇಲೆ ಅವಳ ಗರಗಸ. ಹನ್ನೊಂದಾದ ಮೇಲೆ ಅವನು ಕೆಳಗಿಳಿದು ಬಂದು, ಬಣ್ಣದ ಬಕೆಟ್ ಬೋರಲು ಹಾಕಿಕೊಂಡು ಅವಳ ಎದುರು ಕೂರುವುದೂ ಯಾವಾಗ ಶುರುವಾಯಿತೋ ಇಬ್ಬರಿಗೂ ನೆನಪಿಲ್ಲ.

ಕಾರ್ಖಾನೆಯ ಹೆಂಗಸರಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ.

"ಮಿಕ್ಸಿಂಗ್ ಅಂದ್ರೆ ಏನೇ, ಸಿಮೆಂಟಾ?"

"ಒಬ್ಬೊಬ್ಬರ ಧ್ವನಿ ಬೇರೆ ಬೇರೆ ಹಿಡಿದು, ಯಾರದು ಎಷ್ಟು ಕೇಳಬೇಕು ಅಂತ ಕೂರಿಸೋದು."

"ಓ... ಸೂಪರ್‌ವೈಸರ್ ಕೆಲಸ ಅನ್ನು! ಇವತ್ತಿಂದ ನಮಗೆಲ್ಲ ಅವನು ಸೌಂಡಣ್ಣ. ನೀನು ಮಾತ್ರ ಅಣ್ಣ ಅನ್ಬೇಡ ಕಣೆ!"

ನಕ್ಕವರೆಲ್ಲ ಆಮೇಲೆ ಕೆಮ್ಮಿದರು. ನಕ್ಕರೆ ಕೆಮ್ಮು ಬರುವ ಕೋಣೆ ಅದು. ಅದಕ್ಕೆ ಕಿಟಕಿ ಇರಲಿಲ್ಲ. ಪಾಲಿಶಿಗೆ ಬೆರೆಸುವ ಥಿನ್ನರ್ ವಾಸನೆಗೆ ತಿಂಗಳಿಗೆ ಒಬ್ಬರಾದರೂ ತಲೆ ಸುತ್ತಿ ಬೀಳುತ್ತಿದ್ದರು. ಗಾಳಿ ಎಳೆಯುವ ಫ್ಯಾನ್ ಹಾಕಿ ಅಂತ ಅರ್ಜಿ ಬರೆದ ನಾಲ್ವರನ್ನು ಮಾಲೀಕರು ಕೆಲಸದಿಂದ ತೆಗೆದರು. ಮೊದಲ ಸಹಿ ದೊಡ್ಡಮ್ಮನದು. ಅವಳನ್ನು ಸಾಕಿ ಬೆಳೆಸಿದ ದೊಡ್ಡಮ್ಮ.

ಮೇಜಿಗೆ ಹೊಳಪು ಬೇಕು, ಉಜ್ಜುವವಳಿಗೆ ಉಸಿರು ಬೇಡ!

ಮಾರನೆಯ ದಿನದಿಂದ ವಿಭಾಗದ ಮೂವತ್ತು ಹೆಂಗಸರೂ ಗೇಟಿನ ಮುಂದೆ ಕೂತರು. ಕೂತಲ್ಲೇ ದೊಡ್ಡಮ್ಮ ಒಂದು ಹಾಡು ಕಟ್ಟಿದಳು.

*ನಾವು ಉಜ್ಜಿದ ಮೇಜಿನೊಳಗೆ ನಿಮ್ಮ ಮುಖ ಕಂಡಿದೆ,*
*ನಮ್ಮ ಮುಖಕೆ ಗಾಳಿ ಬೀಸೋ ಕಿಟಕಿ ಎಲ್ಲಿದೆ?*

"ದಿನಾ ಕೂಗಿ ಕೂಗಿ ಗಂಟಲು ಹೋಗ್ತಿದೆ ಕಣೆ. ನಿನ್ನ ಸೌಂಡಿನವನಿಗೆ ಹೇಳಿ ಇದನ್ನ ಹಿಡಿಸು. ಗೇಟಿಗೆ ಹಾರ್ನ್ ಸ್ಪೀಕರ್ ಕಟ್ಟಿ ಅದರಲ್ಲಿ ಹಾಕೋಣ. ನಡುವೆ ನಿನ್ನ ಗಿಟಾರೂ ಇರಲಿ."

"ನನಗೆ ಅಷ್ಟು ನುಡಿಸೋಕೆ ಬರಲ್ಲ ದೊಡ್ಡಮ್ಮ."

"ನನಗೆ ಹಾಡೋಕೆ ಬರುತ್ತಾ?"

ಭಾನುವಾರ ಅವನು ಕೋಣೆಯ ಗೋಡೆಗಳಿಗೆಲ್ಲ ರಜಾಯಿ ಕಟ್ಟಿದ. ಫ್ರಿಜ್ಜಿನ ಪ್ಲಗ್ ಕಿತ್ತ. ಅವನ ತಾಯಿ ಅಡುಗೆಮನೆಯಲ್ಲಿ ಕುಕ್ಕರಿಗೆ ಕಾವಲು ಕೂತಿದ್ದರು.

"ಇದೊಂದು ಸೀಟಿ ಹೊಡೆದ್ರೆ ನನ್ನ ಮಗ ನನ್ನನ್ನೇ ಆಚೆ ಹಾಕ್ತಾನೆ ಕಣಮ್ಮ."

ಅಷ್ಟರಲ್ಲಿ ಮುಗಿದಿದ್ದ ಅವಳ ಗಿಟಾರಿನ ತಂತಿಗಳ ಕೆಳಗೆ ಎರಡು ಪಿಕಪ್ ಇದ್ದವು. ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿದ ಪುಟ್ಟ ಪೆಟ್ಟಿಗೆಗಳು. ತಂತಿಯ ನಡುಕವನ್ನು ಹಿಡಿದು ವೈರಿಗೆ ದಾಟಿಸುವುದು ಅವೇ. ಹಳೆಯ ಹೊಲಿಗೆ ಯಂತ್ರದ ಮೋಟರಿಗೆ ಕಟ್ಟಿ ಅವಳೇ ಸುತ್ತಿದ್ದಳು. ಒಂದೊಂದಕ್ಕೂ ಬೇರೆ ಬೇರೆ ವೈರ್ ಕೊಟ್ಟಿದ್ದಳು.

"ಎರಡನ್ನೂ ಬೇರೆ ಬೇರೆ ಹಿಡೀತೀನಿ. ಒಂದು ಎಡಗಡೆ ಸ್ಪೀಕರಿಗೆ, ಒಂದು ಬಲಗಡೆಗೆ. ಗಿಟಾರು ಈ ಕೋಣೆಯಷ್ಟು ದೊಡ್ಡದಾಗಿ ಕೇಳುತ್ತೆ ನೋಡಿ," ಅಂದ.

ದೊಡ್ಡಮ್ಮ ಹಾಡಿದಳು. ಎರಡು ಚರಣದ ನಡುವೆ ಹನ್ನೆರಡು ಸೆಕೆಂಡು ಗಿಟಾರ್ ಒಂದೇ. ಅವಳು ಉಸಿರು ಬಿಗಿಹಿಡಿದು ನುಡಿಸಿದಳು.

"ಇಲ್ಲಿ ಬೆರಳು ಸ್ವಲ್ಪ ಜಾರಿದೆ... ಗಿಟಾರನ್ನ ಒಂಚೂರು ಹಿಂದೆ ಇಡ್ಲಾ?"

"ಬೇಡ. ಜಾರಿದ್ದೂ ಕೇಳಲಿ."

"ಸರಿ. ಮುಟ್ಟಲ್ಲ."

ಹೊರಡುವಾಗ ಬಾಗಿಲಲ್ಲಿ ಅವನು ತಡವರಿಸಿದ. "ನಿಮಗೆ ಒಂದು ಮಾತು ಹೇಳಬೇಕಿತ್ತು. ನಾನು... ಅಂದ್ರೆ ನಿಮ್ಮನ್ನ..."

ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಎಂಥ ಸೀಟಿ! ದೊಡ್ಡಮ್ಮ ಬೆಚ್ಚಿಬಿದ್ದು ಗೋಡೆ ಹಿಡಿದುಕೊಂಡಳು.

"...ಮುಂದಿನ ಭಾನುವಾರ ಹೇಳ್ತೀನಿ," ಅಂದ ಅವನು.

ಬುಧವಾರ ಗೇಟಿನ ಕಂಬಕ್ಕೆ ಕಟ್ಟಿದ ಹಾರ್ನಿನಲ್ಲಿ ಹಾಡು ಹಾಕಿದರು. ದೊಡ್ಡಮ್ಮನ ಧ್ವನಿ ರಸ್ತೆಯ ಆ ತುದಿಯವರೆಗೂ ಹೋಯಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಈಗ ಗಿಟಾರ್... ಈಗ...

ಬರಲಿಲ್ಲ. ಸೊಳ್ಳೆಯೊಂದು ದೂರದಲ್ಲಿ ಗುಂಯ್‌ಗುಟ್ಟಿದ ಹಾಗೆ ಏನೋ ಎಳೆ. ಹನ್ನೆರಡು ಸೆಕೆಂಡು ಅಷ್ಟೇ.

"ಏ ಗರಗಸ, ನಿನ್ನ ಗಿಟಾರು ಎಲ್ಲೇ? ಬಸ್ಸು ತಪ್ಪಿತಾ?"

ಪಾಪ, ಅವರು ತಮಾಷೆಗೆ ಅಂದದ್ದು. ಅವಳ ಕಿವಿಗೆ ಮಾತ್ರ ಅಂಗಡಿಯವನ ನಗು ಕೇಳಿತು.

'ಹಿಂದೆ ಇಡ್ಲಾ ಅಂತ ಕೇಳಿದ. ಬೇಡ ಅಂದೆ. ಸರಿ ಅಂದ. ಮಾಡಿದ್ದು ಇದು!'

ಅಲ್ಲೇ ನಿಂತು ಮೆಸೇಜ್ ಹಾಕಿದಳು: "ಮುಟ್ಟಲ್ಲ ಅಂದು ಅಳಿಸಿಯೇ ಹಾಕಿದ್ರಿ. ನೀವೂ ಆ ಅಂಗಡಿಯವನ ಥರವೇ." ಅವನ ನಂಬರನ್ನು ಬ್ಲಾಕ್ ಮಾಡಿದಳು.

ಮೆಸೇಜ್ ಓದಿದ ಅವನು ಹೆಡ್‌ಫೋನ್ ಹಾಕಿಕೊಂಡು ಹಾಡು ಕೇಳಿದ. ಗಿಟಾರ್ ಇತ್ತು! ಎಡಕ್ಕೂ ಬಲಕ್ಕೂ ತುಂಬಿಕೊಂಡು, ಜಾರಿದ ಬೆರಳಿನ ಸಮೇತ ಇತ್ತು. ಮತ್ತೆ ಕೇಳಿದ. ಇತ್ತು.

'ನಾನು ಹೇಳಬೇಕಿದ್ದ ಮಾತು ಅವರಿಗೆ ಅವತ್ತೇ ಗೊತ್ತಾಗಿದೆ. ಬೇಡ ಅನ್ನೋಕೆ ಇದೊಂದು ನೆಪ...'

ಮೂರು ದಿನ ಹೀಗೇ ಹೋಯಿತು. ಶನಿವಾರ ತಾಯಿ ಹಿಂದಿನಿಂದ ಬಂದು ಹೆಡ್‌ಫೋನ್ ಕಿತ್ತರು.

"ಮೂರು ದಿನದಿಂದ ಅದೇ ಹನ್ನೆರಡು ಸೆಕೆಂಡು! ಅವಳು ಕೇಳಿದ್ದು ನಿನ್ನ ಕೋಣೆಯಲ್ಲಾ? ಎಲ್ಲಿ ಕೇಳಿದ್ಲೋ ಅಲ್ಲಿ ಹೋಗಿ ನೀನೂ ಕೇಳೋ!"

ಮಧ್ಯಾಹ್ನದ ಹೊತ್ತಿಗೆ ಅವನು ಗೇಟಿನ ಮುಂದಿದ್ದ. ಅವಳು ಮುಖ ತಿರುಗಿಸಿದಳು. ಹಾಡು ಬಂತು. ಆ ಹನ್ನೆರಡು ಸೆಕೆಂಡು ಬಂತು. ಅವನಿಗೂ ಗಿಟಾರ್ ಕೇಳಲಿಲ್ಲ.

"ನನ್ನ ತಪ್ಪು," ಅಂದ, ಎಲ್ಲರಿಗೂ ಕೇಳುವಂತೆ. "ಎರಡು ಸ್ಪೀಕರ್ ಇಟ್ಕೊಂಡು, ರಜಾಯಿ ಕಟ್ಕೊಂಡು ಕೂತು ಮಾಡ್ದೆ. ಒಂದೇ ಹಾರ್ನ್ ಇರೋರಿಗೆ ಹೇಗೆ ಕೇಳುತ್ತೆ ಅಂತ ನೋಡ್ಲೇ ಇಲ್ಲ."

"ಹಾರ್ನು ಹಾಡನ್ನ ತಿನ್ನುತ್ತಾ?" ಅವಳ ಮಾತಿನಲ್ಲಿ ಹಲ್ಲುಗಳಿದ್ದವು.

"ಹಾರ್ನಿನಲ್ಲಿ ಎಡ, ಬಲ ಎರಡೂ ಒಂದಾಗುತ್ತೆ. ಎಡಗಡೆ ಗಿಟಾರು ಮುಂದಕ್ಕೆ ನೂಕುವಾಗ ಬಲಗಡೆಯದು ಹಿಂದಕ್ಕೆ ನೂಕ್ತಿದೆ. ಬೇರೆ ಬೇರೆ ಕೇಳಿದ್ರೆ ಎರಡೂ ಚೆನ್ನಾಗಿವೆ. ಸೇರಿದ್ರೆ ಒಂದನ್ನೊಂದು ಅಳಿಸುತ್ತವೆ."

"ಒಂದೇ ಮೇಜನ್ನ ಇಬ್ಬರು ಎದುರುಬದುರು ನಿಂತು ತಳ್ಳಿದಂಗೆ," ಅಂದಳು ದೊಡ್ಡಮ್ಮ. "ಮೇಜು ಅಲ್ಲೇ ಇರುತ್ತೆ, ಬೆವರು ಮಾತ್ರ ಇಬ್ಬರಿಗೂ."

"ಅಷ್ಟೇ ದೊಡ್ಡಮ್ಮ. ನನ್ನ ಕಡೆ ಯಾವುದೋ ಬಟನ್ ತಪ್ಪು ಒತ್ತಿರಬೇಕು. ಹುಡುಕಿ ಸರಿ ಮಾಡ್ತೀನಿ." ಅವಳ ಕಡೆ ನೋಡಿದ. "ನಾನು ಅಳಿಸಲಿಲ್ಲ... ಆದ್ರೆ ನೀವು ಅಳಿಸಿಹೋದದ್ದು ನಿಜ. ಕ್ಷಮಿಸಿ."

ಅವನು ಹೋದ ಮೇಲೆ ಅವಳಿಗೆ ಬೇರೆಯೇ ಅನುಮಾನ ಹುಟ್ಟಿತು. ಮುಂದಕ್ಕೆ ನೂಕಬೇಕಾದದ್ದು ಹಿಂದಕ್ಕೆ ನೂಕಲು ಬಟನ್ನೇ ತಪ್ಪಬೇಕೆಂದಿಲ್ಲ. ಇನ್ನೊಂದು ಜಾಗದಲ್ಲೂ ಅದು ತಪ್ಪಬಹುದು.

ಸಂಜೆ ಶೆಡ್ಡಿಗೆ ಬಂದವಳು ಗಿಟಾರನ್ನು ಬೋರಲು ಮಲಗಿಸಿ, ಬೆನ್ನಿನ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿದಳು.

ಮೊದಲ ಪಿಕಪ್ಪಿನ ವೈರುಗಳು ಸರಿ ಇದ್ದವು. ಎರಡನೆಯದರಲ್ಲಿ ಬಿಳಿ ಇರಬೇಕಾದಲ್ಲಿ ಕಪ್ಪು, ಕಪ್ಪು ಇರಬೇಕಾದಲ್ಲಿ ಬಿಳಿ. ಬೆಸುಗೆ ಹಾಕಿದ್ದು ಅವಳ ಕೈಯೇ. ಅವಳ ಹತ್ತಿರ ಇದ್ದ ಪುಟ್ಟ ಆಂಪ್ಲಿಫೈಯರಿಗೆ ಒಂದೇ ತೂತು. ಒಂದೊಂದನ್ನೇ ಚುಚ್ಚಿ ನೋಡಿದ್ದಳೇ ಹೊರತು ಎರಡನ್ನೂ ಕೂಡಿಸಿ ಯಾವತ್ತೂ ಕೇಳಿರಲಿಲ್ಲ!

'ಮುಚ್ಚಳ ಹಾಕಿಬಿಟ್ಟರೆ ಯಾರಿಗೂ ಗೊತ್ತಾಗಲ್ಲ. ಅವರೇ ಎಲ್ಲರೆದುರು ಒಪ್ಪಿಕೊಂಡಾಗಿದೆ...'

ಹೀಗೆ ಯೋಚಿಸಿದ್ದು ಸುಳ್ಳಲ್ಲ. ಎಷ್ಟು ಹೊತ್ತು ಯೋಚಿಸಿದಳು ಅಂದರೆ, ಕೈಯಲ್ಲಿದ್ದ ಸ್ಕ್ರೂಗಳು ಬೆವರಿಗೆ ಒದ್ದೆಯಾದವು. ಆಮೇಲೆ ಗಿಟಾರನ್ನು ತೆರೆದ ಬೆನ್ನಿನಲ್ಲೇ ಎತ್ತಿಕೊಂಡು ಎರಡು ಮಹಡಿ ಹತ್ತಿದಳು.

"ಬಟನ್ ಹುಡುಕಬೇಡಿ. ಇಲ್ಲಿ ನೋಡಿ."

ಅವನು ನೋಡಿದ. ಅವನ ಮೇಲಿಂದ ಒಂದು ಭಾರ ಇಳಿದಂತಾಯಿತು. "ಇಷ್ಟೇನಾ! ನಾನು ಕಂಪ್ಯೂಟರಿನಲ್ಲಿ ಒಂದು ಪಕ್ಕವನ್ನ ತಿರುಗಿಸಿದ್ರೆ ಹಾಡು ಸರಿ ಹೋಗುತ್ತೆ. ವೈರನ್ನ ನೀವು ನಿಧಾನಕ್ಕೆ ಬದಲಾಯಿಸ್ಕೊಳ್ಳಿ. ಯಾರಿಗೂ ಗೊತ್ತಾಗಲ್ಲ ಬಿಡಿ."

"ಇನ್ನೊಬ್ಬರು ಮಾಡಿದ್ದಕ್ಕೆ ತನ್ನ ಹೆಸರು ಹಾಕ್ಕೊಂಡ ಆ ಅಂಗಡಿಯವನು. ನಾನು ಮಾಡಿದ್ದಕ್ಕೆ ನಿಮ್ಮ ಹೆಸರು ಹಾಕಿ ಸುಮ್ಮನಿದ್ರೆ ಅವನಿಗೂ ನನಗೂ ಏನು ವ್ಯತ್ಯಾಸ ರೀ?"

ಅವನ ತಾಯಿ ಅಡುಗೆಮನೆಯಿಂದ ಇಣುಕಿದರು. ಕುಕ್ಕರ್ ಸೀಟಿ ಹೊಡೆಯುವ ಮೊದಲೇ ಸ್ಟವ್ ಆರಿಸಿದರು.

ಸೋಮವಾರ ಮಧ್ಯಾಹ್ನ ಗೇಟಿನಲ್ಲಿ ಅವಳು ಮೈಕ್ ಹಿಡಿದಳು. ಅವನು ಹೊಸ ಫೈಲ್ ತಂದು ಪಕ್ಕದಲ್ಲೇ ನಿಂತಿದ್ದ.

"ಶನಿವಾರ ಇವರು ತಪ್ಪು ತಮ್ಮದು ಅಂದ್ರು. ಇವರದೂ ಒಂದು ತಪ್ಪಿತ್ತು, ಹೇಳ್ಕೊಂಡ್ರು. ಆದ್ರೆ ಗಿಟಾರಿನಲ್ಲಿ ವೈರ್ ಅದಲುಬದಲು ಮಾಡಿದ್ದು ನಾನು. ಅದನ್ನ ನೋಡದೆ ಇವರನ್ನ ಬಾಯಿಗೆ ಬಂದಂತೆ ಅಂದೆ. ಅಷ್ಟೇ."

ಅಷ್ಟಕ್ಕೆ ಬಿಡುವವರೇ ಹೆಂಗಸರು?

"ನಿನ್ನ ಕೈ ಯಾಕೆ ತಪ್ಪಿತೇ? ಬಾಗಿಲಿಗೆ ಒಂದು ಗೆರೆ ಬಿದ್ರೆ ನಮ್ಮನ್ನ ಬೈಯೋಳು ನೀನು!"

ಅವಳು ಮೈಕ್ ಕೆಳಗಿಡಬಹುದಿತ್ತು. ಇಡಲಿಲ್ಲ.

"ಬೆಸುಗೆ ಹಾಕೋವಾಗ... ಎದುರಿಗೆ ಒಬ್ಬರು ಕೂತಿದ್ರು. ನಾನು ವೈರ್ ನೋಡ್ಲಿಲ್ಲ."

ಹಾರ್ನು ಅದನ್ನು ರಸ್ತೆಯ ಆ ತುದಿಯವರೆಗೂ ಕೊಂಡೊಯ್ದಿತು. ಹೆಂಗಸರೆಲ್ಲ ಒಟ್ಟಿಗೆ ಹೋ ಎಂದು ಕೂಗಿದರು! ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು. ಅವನೊಬ್ಬ ಮಾತ್ರ ಯಾರು ಕೂತಿದ್ದರು ಅಂತ ನೆನಪು ಮಾಡಿಕೊಳ್ಳುತ್ತಿದ್ದ.

"ಸೌಂಡಣ್ಣ, ಊರವರ ಕಿವಿ ಪರೀಕ್ಷೆ ಮಾಡ್ತೀಯಂತೆ, ನಿನ್ನದು ಯಾರಪ್ಪ ಮಾಡೋದು?"

ಆಗ ಅವನಿಗೆ ಹೊಳೆಯಿತು. ಕಿವಿ ಕೆಂಪಾಯಿತು.

ಹಾಡು ಹಾಕಿದರು. ಎರಡು ಚರಣದ ನಡುವೆ ಗಿಟಾರ್ ಎದ್ದು ಬಂತು. ಜಾರಿದ ಬೆರಳಿನ ಸಮೇತ, ಒಂದೇ ಹಾರ್ನಿನಲ್ಲಿ, ಇಡೀ ಹನ್ನೆರಡು ಸೆಕೆಂಡು. ಗೇಟು ಅವತ್ತು ತೆರೆಯಲಿಲ್ಲ. ಮೇಲಿನ ಆಫೀಸಿನ ಕಿಟಕಿ ಮಾತ್ರ ತೆರೆಯಿತು. ಅವರಿಗೆ ಕಿಟಕಿ ಇತ್ತು. ಯಾರೋ ತಲೆ ಹೊರಹಾಕಿ ನೋಡಿ, ಮುಚ್ಚಿಕೊಂಡರು.

"ನಾಳೆಯೂ ಹಾಕೋಣ," ಅಂದಳು ದೊಡ್ಡಮ್ಮ.

ಕಾಂಪೌಂಡಿನ ನೆರಳಿಗೆ ಬಂದು ಅವನು ಅವಳ ಪಕ್ಕ ನಿಂತ.

"ನಾನು ಹೇಳಬೇಕಿದ್ದ ಮಾತು ಭಾನುವಾರದ್ದು. ಒಂದು ದಿನ ತಡವಾಯ್ತು."

"ಇಲ್ಲಿ ಕುಕ್ಕರ್ ಇಲ್ಲ. ಹೇಳಿ."

"ನೀವಂದ್ರೆ ನನಗೆ ಇಷ್ಟ. ಆ ಹನ್ನೆರಡು ಸೆಕೆಂಡನ್ನ ಎಷ್ಟು ಸಲ ಕೇಳಿದೀನೋ... ಸಾಕು ಅನ್ನಿಸಿಲ್ಲ. ಜೀವನ ಪೂರ್ತಿ ಕೇಳ್ತಿರಬೇಕು ಅನ್ನಿಸುತ್ತೆ."

ಅವಳು ಪಾಲಿಶ್ ಕಲೆ ಹೋಗದ ಕೈಯನ್ನು ಅವನ ಕೈಯೊಳಗೆ ಇಟ್ಟಳು. ಅವನು ಅದನ್ನು ಮೆಲ್ಲಗೆ ಹಿಡಿದುಕೊಂಡ.

"ಹಾಗಾದ್ರೆ..." ಅವನಿಗೆ ನಿಜಕ್ಕೂ ಚಿಂತೆಯಾಗಿತ್ತು. "ಇನ್ನು ಮೇಲೆ ನೀವು ಬೆಸುಗೆ ಹಾಕೋವಾಗ ನಾನು ಎದುರಿಗೆ ಕೂರಬಾರದಾ?"

"ಕೂರಿ," ಅಂದಳು. "ನಾನು ವೈರನ್ನ ಎರಡು ಸಲ ನೋಡ್ಕೋತೀನಿ."