ಟಿವಿಗಿಂತ ಮೊದಲು ಬಿದ್ದ ಭಂಡಾರ

ಟಿವಿಯಲ್ಲಿ ಅಂಕ ಮೂಡುವ ಮೊದಲೇ ಟಗರಿನ ನೆತ್ತಿಗೆ ಭಂಡಾರ ಬಿದ್ದಿತ್ತು.

ಅದನ್ನು ಕಂಡವಳು ಕೂಡ್ಲಿಗಿ ಕಡೆಯ ದ್ಯಾಮಕ್ಕ. ಕೊಟ್ಟೂರಿನ ಕಂಪ್ಯೂಟರ್ ಸೆಂಟರಿನ ಮುಂದಿನ ಬಯಲಲ್ಲಿ ತನ್ನ ಟಗರಿನ ಹಗ್ಗ ಹಿಡಿದು ನಿಂತಿದ್ದಳು. ಪಕ್ಕಕ್ಕೆ ತಿರುಗಿದರೆ, ಹಿರೇಹಡಗಲಿಯ ಮೈಲಾರೇಶನ ಟಗರಿನ ತಲೆ ಅರಿಶಿಣದ ಹಳದಿ. ಅದು ಗೆದ್ದ ಟಗರಿಗೆ ಹಚ್ಚುವ ಭಂಡಾರ. ಜಗುಲಿಯ ಮೇಲಿನ ಟಿವಿ ಇನ್ನೂ ಕಪ್ಪಗೇ ಇತ್ತು. ಅಂಕ ಬಂದದ್ದು ಆಮೇಲೆ. ಮೈಲಾರೇಶನ ಟಗರು ಮುಂದೆ, ದ್ಯಾಮಕ್ಕನದು ಹಿಂದೆ. ನಡುವೆ ಒಂದೇ ಒಂದು ಅಂಕ.

"ಇವಗ ಮೊದ್ಲ ಹೆಂಗ ಗೊತ್ತಾತು?"

ದ್ಯಾಮಕ್ಕ ಗಟ್ಟಿಯಾಗಿ ಕೇಳಲಿಲ್ಲ. ಆದರೂ ಸುತ್ತಲಿನವರೆಲ್ಲ ಆ ಹಳದಿ ತಲೆಯ ಕಡೆ ತಿರುಗಿದರು.

ಕುರಿಗಾರರ ಸಂಘಕ್ಕೆ ಟಗರಿನ ಆಯ್ಕೆ ಆಟದ ಮಾತಾಗಿರಲಿಲ್ಲ. ಗೆದ್ದ ಟಗರನ್ನೇ ಸುತ್ತಲಿನ ಹಿಂಡುಗಳಿಗೆಲ್ಲ ಬೀಜಕ್ಕೆ ಬಿಡುವುದು. ಹಿಂದಿನ ವರ್ಷ ತೀರ್ಪುಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಂಕ ಕೊಟ್ಟರೆಂದು ಕೈ ಕೈ ಮಿಲಾಯಿಸುವವರೆಗೂ ಹೋಗಿತ್ತು. ಅದಕ್ಕೇ ಎರಡು ಸಾವಿರದ ಐದರ ಈ ಆಯ್ಕೆಗೆ ಸಂಘದವರು ಅಸ್ಫಿಯಾಳನ್ನು ಹುಡುಕಿಕೊಂಡು ಬಂದಿದ್ದರು. ಪಂಪ್‌ಸೆಟ್ ರಿಪೇರಿಯ ದಾವಲ್ ಸಾಬ್‌ನ ಮಗಳು ಅವಳು. ಅಪ್ಪನ ಅಂಗಡಿಯ ಅರ್ಧ ಭಾಗದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಮೂರು ಕಂಪ್ಯೂಟರುಗಳಿಗೆ ವೈರು ಜೋಡಿಸಿ, ನಡುವೆ ಹಲಗೆ ಅಡ್ಡ ಇಟ್ಟು, ಒಬ್ಬೊಬ್ಬ ತೀರ್ಪುಗಾರನಿಗೆ ಒಂದೊಂದು ಪುಟ ಮಾಡಿಕೊಟ್ಟಿದ್ದಳು. ಒಬ್ಬರದು ಒಬ್ಬರಿಗೆ ಕಾಣುವುದಿಲ್ಲ. ಮೂವರದೂ ಮುಗಿದ ಮೇಲೆ ಒಟ್ಟು ಅಂಕ ತಾನೇ ಹೊರಗಿನ ಟಿವಿಗೆ ಬರುತ್ತದೆ. ಹಾಗೆಂದು ಅವಳೇ ಬಯಲಲ್ಲಿ ನಿಂತು ಹೇಳಿದ್ದಳು.

ಈಗ ಎಲ್ಲರ ಕಣ್ಣೂ ಅವಳ ಮೇಲೆ. ಒಳಗಿನ ಅಂಕ ಬಲ್ಲವಳು ಇವಳೊಬ್ಬಳೇ ಅಲ್ಲವೇ? ಮಾತು ಬಾಯಿಂದ ಬಾಯಿಗೆ ಹೋಗಿ ದಾವಲ್ ಸಾಬ್‌ನ ಕಿವಿಗೂ ಬಿತ್ತು. ಆತ ಬೈಯಲಿಲ್ಲ. ಸ್ಪ್ಯಾನರ್ ಕೆಳಗಿಟ್ಟು, ಈ ಹೆಸರು ಹೊತ್ತುಕೊಂಡು ನಾಳೆ ಈ ಬಾಗಿಲು ತೆಗೆಯುವುದು ಬೇಡ ಎಂದಷ್ಟೇ ಅಂದ.

ಸಂಘದ ಅಧ್ಯಕ್ಷ ಉಜ್ಜಿನಿಯ ಅಜ್ಜಯ್ಯ. ಪೊಲೀಸ್ ದಫೇದಾರನಾಗಿ ನಿವೃತ್ತನಾದವನು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಕುರಿಗಳು ಹೊರಡುವ ಹೊತ್ತಿನೊಳಗೆ ಇದು ತೀರ್ಮಾನವಾಗಬೇಕು, ಅಲ್ಲಿವರೆಗೆ ಯಾರೂ ಕದಲಬಾರದು ಎಂದು ಹೇಳಿ ಒಳಗೆ ಬಂದ.

ಅಸ್ಫಿಯಾ ಒದ್ದೆ ಬಟ್ಟೆ ಹಿಡಿದು ಮೌಸ್ ಒರೆಸಲು ಬಗ್ಗಿದ್ದಳು. ಕೈಗೆ ಏನಾದರೂ ಕೆಲಸ ಬೇಕಾಗಿತ್ತು.

"ಆ ಬಟ್ಟಿ ಅತ್ತಾಗ ಇಡವ್ವ. ಯಾಕ ಒರಸ್ತಿ?"

"ಹೊಲಸಾಗ್ಯಾವ್ರಿ, ಅಜ್ಜಾರ. ಮುಂಜಾನಿ ಹೊಸಾವು ಬಿಚ್ಚಿ ಇಟ್ಟಿದ್ದೆ. ಟಗರಿನ ಮೈ ಮುಟ್ಟಿದ ಕೈಲೇ ಬಂದು ಹಿಡಿದಾರ."

ಅಜ್ಜಯ್ಯ ಬಗ್ಗಿ ನೋಡಿದ. ತೀರ್ಪುಗಾರರು ಟಗರಿನ ಬೆನ್ನು ಒತ್ತಿ, ಉಣ್ಣೆಯೊಳಗೆ ಬೆರಳು ಹೊಗಿಸಿ ನೋಡಿ, ಮರೆಯುವ ಮೊದಲೇ ಅಂಕ ಹಾಕಲು ನೆಟ್ಟಗೆ ಒಳಗೆ ಬರುವುದು ವಾಡಿಕೆ. ಉಣ್ಣೆಯ ಜಿಡ್ಡಿಗೆ ಕೆಮ್ಮಣ್ಣು ಕೂಡಿ ಬಿಳಿ ಮೌಸುಗಳ ಮೇಲೆ ಕಪ್ಪು ಕೂತಿತ್ತು. ಒಂದನ್ನು ನೋಡಿದ. ಇನ್ನೊಂದನ್ನು ನೋಡಿದ. ನಡುವಿನದರ ಮುಂದೆ ಬಹಳ ಹೊತ್ತು ನಿಂತ.

"ಇವರಿಗೆ ಏನು ಹೇಳಿಕೊಟ್ಟಿದ್ದಿ?"

"ಎಡಗಡಿ ಗುಂಡಿ ಒಂದೇ ಒತ್ರಿ, ಬಲಗಡೇದು ಮುಟ್ಟಬ್ಯಾಡ್ರಿ ಅಂದಿದ್ದೆ. ಮೂವರೂ ಈ ಪೆಟ್ಟಿಗಿ ಹೊಸದು ಅಂದಿದ್ರು."

"ಬಲಗಡೇದು ಒತ್ತಿದ್ರ ಏನಾಕ್ಕೈತಿ?"

"ಒಂದು ಪಟ್ಟಿ ಬಿಚ್ಕೊಂತೈತ್ರಿ. ಅದರಾಗ ಪುಟದ ಒಳಮೈ, ಅಂದ್ರ ಅದರ ಹಿಂದಿನ ಬರಹ, ತೋರ್ಸೂದೂ ಒಂದು..."

ಅಸ್ಫಿಯಾ ಅಲ್ಲಿಗೇ ನಿಂತಳು. ಅವಳ ಕಣ್ಣು ನಡುವಿನ ಮೌಸಿಗೆ ಹೋಯಿತು. ಅಲ್ಲಿ ಕೂತಿದ್ದವರ ಹೆಸರು ನಾಲಿಗೆಯ ತುದಿಗೆ ಬಂದಿತ್ತು.

"ಹೆಸರು ಈಗ ಬ್ಯಾಡ," ಎಂದ ಅಜ್ಜಯ್ಯ. "ನಾಕು ಮಂದಿ ಮುಂದ ಹೇಳುವಂತಿ. ಇನ್ನೊಂದು ಹೇಳು. ಕಡೀಗೆ ಮುಗಿಸಿದಾವ ಸುಮ್ನ ಮುಗಿಸಿದ್ನೋ?"

ಇಲ್ಲ, ನಡುವೆ ಕೂತವನೇ ಕಡೆಗೆ ಉಳಿದಿದ್ದ, ಪುಟವನ್ನು ಇನ್ನೊಮ್ಮೆ ತೆರೆದುಕೊಡು ಎಂದು ಕರೆದಿದ್ದ, ತೆರೆದುಕೊಟ್ಟು ತನ್ನ ಜಾಗಕ್ಕೆ ವಾಪಸು ಬಂದೆ ಎಂದಳು. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಹೊರಗೆ ಚಾ ತಾ ಎಂದು ಕೂಗಿದ್ದ. ಅದಕ್ಕೂ ಮುಂಚೆ ಅಸ್ಫಿಯಾಳೇ ಚಾ ಕೊಟ್ಟಾಗ ಬೇಡ ಅಂದಿದ್ದ.

ಅಜ್ಜಯ್ಯ ತಲೆಯಾಡಿಸಿದ.

ಮೂವರು ತೀರ್ಪುಗಾರರನ್ನೂ ಒಳಗೆ ಕರೆಸಿದ. ಪಾಲಣ್ಣ ಕೂಡ್ಲಿಗಿಯ ಹಿರಿಯ ಕುರಿಗಾರ. ಯೂನುಸ ಹಗರಿಬೊಮ್ಮನಹಳ್ಳಿಯ ಕುರಿ ವ್ಯಾಪಾರಿ. ಮಂಜಣ್ಣ ಹರಪನಹಳ್ಳಿಯವನು, ದನಗಳ ಕಾಂಪೌಂಡರ್ ಆಗಿದ್ದು ನಿವೃತ್ತನಾದವನು. ಬಾಗಿಲಲ್ಲಿ ದ್ಯಾಮಕ್ಕ, ಮೈಲಾರೇಶ, ಅವರ ಹಿಂದೆ ಅರ್ಧ ಬಯಲು.

ನೀವು ಕೂತ ಕಡೆಯೇ ಕೂತು, ಅಂಕ ಹಾಕಿದ ಹಾಗೆಯೇ ಮೌಸ್ ಹಿಡಿದು ತೋರಿಸಿ ಎಂದ ಅಜ್ಜಯ್ಯ. ಪಾಲಣ್ಣ ಚೇಳು ಮುಟ್ಟುವವನಂತೆ ಒಂದು ಬೆರಳು ಎಡಕ್ಕಿಟ್ಟು ಉಳಿದವನ್ನು ಮಡಚಿಕೊಂಡ. ಯಾರೋ ನಕ್ಕರು. ಯೂನುಸನೂ ಹಾಗೇ ಹಿಡಿದ. ಮಂಜಣ್ಣನೂ ಹಾಗೇ ಹಿಡಿದ.

"ಬಲಗಡಿ ಗುಂಡಿ ಒತ್ತಿದವರು ಯಾರ್ರಿ?"

ಯಾರೂ ಇಲ್ಲ. ಹುಡುಗಿ ಬೇಡ ಅಂದಿದ್ದಳಲ್ಲ ಎಂದರು ಮೂವರೂ.

ಅಜ್ಜಯ್ಯ ಮೂರು ಮೌಸುಗಳನ್ನೂ ಎತ್ತಿ ಬೆಳಕಿಗೆ ಹಿಡಿದ. ಪಾಲಣ್ಣನದು ಎಡಗುಂಡಿ ಕಪ್ಪು, ಬಲಗುಂಡಿ ಹಾಲಿನಂತೆ ಬಿಳಿ. ಯೂನುಸನದೂ ಹಾಗೇ. ನಡುವಿನದರಲ್ಲಿ ಎರಡೂ ಗುಂಡಿ ಕಪ್ಪು. ಬಲಗಡೆಯದರ ಮೇಲೆ ಜಿಡ್ಡು ಒಂದರ ಮೇಲೊಂದು ತಿಕ್ಕಿ ತಿಕ್ಕಿ ಹೊಳಪೆದ್ದಿತ್ತು.

"ಇದು ನಿಮ್ದು, ಮಂಜಣ್ಣ."

"ಕೈ ತಪ್ಪಿರಬೇಕು ಕಣ್ರಿ. ವಯಸ್ಸಾತು."

"ಕೈ ತಪ್ಪಿದ್ರ ಒಂದು ಕಲೆ ಬೀಳ್ತೈತಿ. ಇದು ಸಾರಿಸಿದಂಗ ಐತಿ." ಅಜ್ಜಯ್ಯ ಅಸ್ಫಿಯಾಳ ಕಡೆ ತಿರುಗಿದ. "ಒಳಮೈ ಅಂದ್ಯಲ್ಲ, ಅದರಾಗ ಏನೈತಿ? ಹೇಳವ್ವ."

ಸುಮ್ಮನಿದ್ದರೆ ಅದು ಬರೀ ಹೊಲಸಾದ ಮೌಸ್. ಗುಟ್ಟು ಮಾರಿದವಳೆಂಬ ಹೆಸರು ತನಗೇ ಉಳಿಯುತ್ತದೆ. ಹೇಳಿದರೆ, ಕೆಲಸ ಬಾರದವಳೆಂಬ ಹೆಸರು. ಹಡಗಲಿಯಿಂದ ಹರಪನಹಳ್ಳಿಯ ತನಕ ಇನ್ನು ಯಾರೂ ತನ್ನ ಕೈಲಿ ಪುಟ ಮಾಡಿಸುವುದಿಲ್ಲ. ಅಸ್ಫಿಯಾ ಬಾಗಿಲಲ್ಲಿದ್ದ ಅಪ್ಪನನ್ನು ನೋಡಿದಳು. ಆಮೇಲೆ ದ್ಯಾಮಕ್ಕನನ್ನು.

"ತಪ್ಪು ನಂದೂ ಐತ್ರಿ," ಎಂದಳು. "ಅಂಕ ಕೂಡಿಸಬೇಕಂದ್ರ ಒಂದು ಪುಟದ್ದು ಇನ್ನೊಂದಕ್ಕ ಹೋಗಬೇಕಲ್ರಿ. ಯಾರು ಕಡೀಗೆ ಮುಗಿಸ್ತಾರೋ ಅವರ ಪುಟಾನ ಕೂಡಿಸಿ ಟಿವಿಗೆ ಕಳಿಸ್ಲಿ ಅಂತ, ಎಲ್ಲಾರ ಅಂಕಾನೂ ಎಲ್ಲಾರ ಪುಟಕ್ಕೂ ಕಳಿಸಿದೆ. ಕಾಣದಂಗ ಮಾಡಿದ್ದೆ. ಹಬ್ಬಕ್ಕ ನಾವು ಓಣ್ಯಾಗ ತಾಟು ಕಳಿಸ್ತೀವಿ ನೋಡ್ರಿ, ಮ್ಯಾಲೆ ಬಟ್ಟಿ ಮುಚ್ಚಿ. ಹಂಗ. ಬಟ್ಟಿ ಮುಚ್ಚೀನಿ ಅಂತ ಸುಮ್ನಾದೆ. ತಾಟು ಅವರ ಮನಿಯಾಗ ಇದ್ದ ಮ್ಯಾಲೆ ಬಟ್ಟಿ ಎತ್ತಿ ನೋಡೂದು ಎಷ್ಟರ ಮಾತು? ನೋಡಬೇಕಾದ್ದು ಟಿವಿ ಒಂದ. ಅದಕ್ಕೊಂದಕ್ಕ ಕಳಿಸಬೇಕಿತ್ತು."

"ಬಟ್ಟಿ ಎತ್ತೂದು ಬಲಗಡಿ ಗುಂಡಿಲೆ?"

"ಹೌದ್ರಿ. ಪುಟ ಮತ್ತೊಮ್ಮೆ ತೆಗೆದ್ರ ಉಳಿದವರು ಆಗಲೇ ಹಾಕಿದ ಅಂಕಾನೂ ಅದರಾಗ ಬಂದು ಕುಂತಿರ್ತಾವ."

ಮಂಜಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅವನ ದನಿ ಮಾತ್ರ ಏರಲಿಲ್ಲ.

"ಸಣ್ಣ ಹುಡುಗಿ ಮಾತು ಕಟ್ಟಿಕೊಂಡು ನನ್ನಂಥವನ ಮರ್ಯಾದೆ ತೆಗೀತೀರಾ? ನೋಟ್‌ಪ್ಯಾಡ್‌ನಾಗೆ ಆ ಇಂಗ್ಲಿಷಿನ ಗೋಜಲು ಬಿಚ್ಚಿಕೊಂಡ್ರೆ ನನಗೇನು ತಿಳಿಯುತ್ತೆ?"

ಅಸ್ಫಿಯಾ ತಲೆಯೆತ್ತಿದಳು.

"ಕಾಕಾ, ಅದು ನೋಟ್‌ಪ್ಯಾಡ್‌ನಾಗ ಬಿಚ್ಕೊಂತೈತಿ ಅಂತ ನಾನು ಹೇಳಲೇ ಇಲ್ಲಲ್ಲ?"

ಮಂಜಣ್ಣ ಟವೆಲ್ಲನ್ನು ಮತ್ತೆ ಮುಖಕ್ಕೆ ಒತ್ತಿಕೊಂಡ.

ಅಜ್ಜಯ್ಯ ಅವಸರ ಮಾಡಲಿಲ್ಲ. ಎಲೆ ಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿ, ಮಾತನ್ನು ಒಂದೊಂದಾಗಿ ಜೋಡಿಸಿದ. ಈ ಪೆಟ್ಟಿಗೆ ಹೊಸದು ಅಂದವನು ಅದರ ಒಳಮೈ ಬಲ್ಲ. ಪುಟದಲ್ಲಿ ಕಂಡಂತೆ ಉಳಿದಿಬ್ಬರೂ ದ್ಯಾಮಕ್ಕನ ಟಗರನ್ನೇ ಮುಂದಿಟ್ಟಿದ್ದರು. ಅದನ್ನು ನೋಡಿಕೊಂಡು, ಮೈಲಾರೇಶನ ಟಗರು ದಾಟಿ ಹೋಗಲು ಎಷ್ಟು ಬೇಕೋ ಅಷ್ಟೇ ಅಂಕ ಹಾಕಿದ. ಹೆಚ್ಚು ಹಾಕಿದ್ದರೆ ಅನುಮಾನ ಬರುತ್ತಿತ್ತು. ಮುಗಿಸುವ ಗುಂಡಿ ಒತ್ತುವುದಕ್ಕಿಂತ ಮೊದಲು ಕಿಟಕಿಯಿಂದ ಚಾ ಕೂಗಿದ.

"ಮೈಲಾರೇಶ, ಕಿಟಕಿ ಕೆಳಗ ನಿಂತಿದ್ಯಲ್ಲ. ಚಾ ತಂದುಕೊಟ್ಯಾ?"

ಮೈಲಾರೇಶ ಬಾಗಿಲ ಕಂಬಕ್ಕೆ ಒರಗಿದ. ಅವನ ಬೆರಳುಗಳು ಇನ್ನೂ ಹಳದಿಯಾಗಿದ್ದವು.

"ನಾ ಏನೂ ಕೇಳಿರಲಿಲ್ರಿ, ಅಜ್ಜಾರ. ಹಿಂಡಿನಾಗ ಮಂಜಣ್ಣಾರದೂ ಪಾಲು ಐತಿ. ಟಗರು ಗೆದ್ರ ಮರಿಗಳೆಲ್ಲಾ ನಮ್ಮವ ಬೇಕಂತ ಬರ್ತಾರ ಅಂದಿದ್ರು. ಚಾ ಅಂದ್ರ ಗೆದ್ದಂಗ ಅಂತ ಮಾತಾಗಿತ್ತು. ಖುಷಿ ತಡೀಲಿಲ್ರಿ. ಹಚ್ಚಿಬಿಟ್ಟೆ."

ಮಂಜಣ್ಣ ಯಾರ ಮುಖವನ್ನೂ ನೋಡದೆ ಎದ್ದ. ಮಂದಿ ದಾರಿ ಬಿಟ್ಟರು. ಯಾರೂ ಅವನನ್ನು ಮುಟ್ಟಲಿಲ್ಲ, ಒಂದು ಮಾತೂ ಆಡಲಿಲ್ಲ. ಅದೇ ಅವನಿಗೆ ಹೆಚ್ಚಾಯಿತೆಂದು ಕಾಣುತ್ತದೆ. ಚಪ್ಪಲಿ ಮರೆತು ಬಯಲು ದಾಟಿದ.

ಮತ್ತೆ ಅಂಕ ಹಾಕಬೇಕು, ಮೂರನೆಯವನಾಗಿ ತಾನೇ ಕೂರುತ್ತೇನೆ ಎಂದ ಅಜ್ಜಯ್ಯ. ಈ ಸಲ ಎಲ್ಲರೆದುರು ಬಾಯಲ್ಲೇ ಹೇಳಿಬಿಡೋಣ, ಈ ಪೆಟ್ಟಿಗೆಗಳ ಸಹವಾಸವೇ ಬೇಡ ಎಂದು ಪಾಲಣ್ಣ ಗೊಣಗಿದ. ಹಲವರು ಹೂಂಗುಟ್ಟಿದರು. ಬೇಡವೆನ್ನುವ ಹಕ್ಕು ತನಗೆ ಉಳಿದಿದೆ ಎಂದು ಅಸ್ಫಿಯಾಳಿಗೆ ಅನ್ನಿಸಲಿಲ್ಲ.

ಮಾತಾಡಿದವಳು ದ್ಯಾಮಕ್ಕ.

"ತಾಟು ಟಿವಿಗೊಂದಕ್ಕ ಕಳ್ಸಾಕ ಎಷ್ಟು ಹೊತ್ತು ಬೇಕವ್ವ ನಿನಗ?"

"ಒಂದು ಚಾ ಕುಡಿಯೋ ಹೊತ್ತು, ದ್ಯಾಮಕ್ಕ," ಎಂದಳು ಅಸ್ಫಿಯಾ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಬಯಲಿನವರೆಗೂ ನಗು ಹಬ್ಬಿತು.

ದಾವಲ್ ಸಾಬ್ ಒಳಗೆ ಬಂದು, ಮಗಳ ಕೈಲಿದ್ದ ಒದ್ದೆ ಬಟ್ಟೆ ಇಸಿದುಕೊಂಡು, ತಾನೇ ಮೌಸುಗಳನ್ನು ಒರೆಸಲು ಕೂತ. ಅಸ್ಫಿಯಾ ಪುಟಗಳನ್ನು ಬಿಚ್ಚಿದಳು.

ಸೂರ್ಯ ಇಳಿಯುತ್ತಿದ್ದ. ಅಜ್ಜಯ್ಯ, ಪಾಲಣ್ಣ, ಯೂನುಸ ಮತ್ತೆ ಟಗರುಗಳ ಉಣ್ಣೆಯೊಳಗೆ ಬೆರಳು ಹೊಗಿಸಿದರು. ಒಬ್ಬೊಬ್ಬರೇ ಒಳಗೆ ಹೋಗಿ ಬಂದರು. ನಿನ್ನ ಟಗರಿನದೇ ಮೇಲುಗೈ, ಹಚ್ಚಿಬಿಡು ಎಂದು ಪಕ್ಕದವರು ದ್ಯಾಮಕ್ಕನನ್ನು ಹುರಿದುಂಬಿಸಿದರು.

ದ್ಯಾಮಕ್ಕ ಭಂಡಾರದ ಚೀಲವನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಕಪ್ಪಗಿದ್ದ ಟಿವಿಯನ್ನೇ ನೋಡುತ್ತ ನಿಂತಳು.

"ತಡೀರಿ," ಎಂದಳು. "ಆ ಹುಡುಗಿ ಪೆಟ್ಟಿಗಿ ಹೇಳ್ಲಿ."