ಕಿತ್ತು ಹಾಕಿದ ಹೊಸ್ತಿಲು

“ಕ್ಯಾಮೆರಾ ಹಿಡಿಯೋಕೆ ಕೈ ಇತ್ತಲ್ಲ ನಿಂಗೆ... ನಮ್ಮಮ್ಮನ್ನ ಹಿಡಿಯೋಕೆ ಇರಲಿಲ್ವಾ?”

ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಮುದುಡಿ ಕೂತಿದ್ದ ಸೊಸೆ ತಲೆ ಎತ್ತಲಿಲ್ಲ. ಹಾಗೆ ಕೇಳಿದ ನಾದಿನಿ, ಗಂಡನ ಅಕ್ಕ, ತನ್ನ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವಳು ಸುದ್ದಿ ಕೇಳಿ ಹಾಗೇ ಎದ್ದು ಓಡಿಬಂದಿದ್ದಳು. ಕೂಗಾಡಿದ್ದರೂ ಚೆನ್ನಾಗಿತ್ತು, ತಾನೂ ಜೊತೆಗೆ ಅತ್ತು ಹಗುರಾಗಬಹುದಿತ್ತು ಎಂದು ಸೊಸೆಗೆ ಅನ್ನಿಸಿತು. ಆದರೆ ಆಕೆ ದನಿಯನ್ನೇ ಏರಿಸಲಿಲ್ಲ. ಕೇಳಬೇಕಾದ್ದನ್ನು ಕೇಳಿ ಉತ್ತರಕ್ಕಾಗಿ ಎದುರಿಗೇ ನಿಂತುಬಿಟ್ಟಳು. ಗಂಡನೆನ್ನಿಸಿಕೊಂಡವನು ಹೆಂಡತಿಯ ಪಕ್ಕಕ್ಕೂ ಬರಲಿಲ್ಲ, ಅಕ್ಕನ ಪಕ್ಕಕ್ಕೂ ಹೋಗಲಿಲ್ಲ. ತನ್ನ ಔಷಧದ ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಹಾಗೆ “ಮೊದಲು ಡಾಕ್ಟರು ಏನಂತಾರೋ ನೋಡೋಣ” ಎಂದ. ಅಡ್ಡಗೋಡೆಯ ಮೇಲೆ ದೀಪವಿಡುವುದರಲ್ಲಿ ಅವನದು ಮೊದಲಿನಿಂದಲೂ ಎತ್ತಿದ ಕೈ. ಡಾಕ್ಟರು ಹೊರಗೆ ಬಂದು, ಸೊಂಟದ ಮೂಳೆ ಜೋಡಿಸಿದ್ದೇವೆ, ಇನ್ನು ಓಡಾಟದ ಆಸೆ ಇಟ್ಟುಕೊಳ್ಳಬೇಡಿ ಎಂದರು. ಸೊಸೆಯ ಮಡಿಲಲ್ಲಿ ಫೋನು ಹಾಗೇ ಬಿದ್ದಿತ್ತು. ಅತ್ತೆ ನಡೆದುಬರುವ ಚಿತ್ರಗಳು ಅದರಲ್ಲಿದ್ದವು.

ಆ ಚಿತ್ರಗಳನ್ನು ಆಕೆ ತೆಗೆದದ್ದಾದರೂ ಯಾಕೆ ಎಂದು ಓದುಗರು ಕೇಳಬಹುದು. ಮದುವೆಗೆ ಮುಂಚೆಯೇ ಸೊಸೆ ಕಟ್ಟಡ ವಿನ್ಯಾಸದ ಡಿಪ್ಲೊಮಾ ಮುಗಿಸಿದ್ದಳು. ಆದರೆ ಆ ಕಸುಬಿನಲ್ಲಿ ಅದೊಂದೇ ಸಾಲದು. ಪದವಿ ಆಗಬೇಕು, ಹಿರಿಯರ ಕೈಕೆಳಗೆ ಪಳಗಬೇಕು, ಆಮೇಲೆ ಇನ್ನೊಂದು ಪರೀಕ್ಷೆ ಗೆದ್ದು ಹೆಸರು ನೋಂದಾಯಿಸಬೇಕು. ಆಗಷ್ಟೇ ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿಕೊಳ್ಳುವ ಹಕ್ಕು. ಅಲ್ಲಿಯವರೆಗೆ ಎಷ್ಟು ನಕ್ಷೆ ಬರೆದರೂ ಕೆಳಗೆ ಬೇರೆಯವರ ಹೆಸರೇ. ಹಾಗೆ ಬೇರೆಯವರ ಹೆಸರಿಗೆ ಗೆರೆ ಎಳೆದೆಳೆದು ಸಾಕಾಗಿ, ತಲೆಯಲ್ಲಿ ನರೆ ಇಣುಕುವ ಹೊತ್ತಿಗೆ ಆಕೆ ಮತ್ತೆ ಕಾಲೇಜು ಸೇರಿದಳು. ಅತ್ತೆ ಮೂಗು ಮುರಿದರು. ಊರವರ ಮನೆ ಕಟ್ಟೋಕೆ ಹೋಗಿ ನಮ್ಮನೆ ಗುಡಿಸೋರಿಲ್ಲದ ಹಾಗಾಯ್ತು ಎಂದು ಬಂದವರೆದುರೆಲ್ಲ ಆಡಿಕೊಂಡರು. ಸದಾ ಅಳತೆಯ ಟೇಪು ಹಿಡಿದು ತಿರುಗುವ ಸೊಸೆಗೆ ‘ಟೇಪಮ್ಮ’ ಎಂದು ಹೆಸರಿಟ್ಟವರೂ ಅವರೇ. ಆದರೆ ಕಾಲೇಜಿನಿಂದ ಸಂಜೆ ಬಂದವಳಿಗೆ ಬಿಸಿ ಆರದ ಕಾಫಿ ತಪ್ಪಿದ್ದು ಮಾತ್ರ ಒಂದು ದಿನವೂ ಇಲ್ಲ. ಲೋಟವನ್ನು ಟಕ್ಕೆಂದು ಕುಕ್ಕುತ್ತಿದ್ದರು, ಅಷ್ಟೆ.

ಆ ಕಾಫಿ ಮಾಡುತ್ತಿದ್ದ ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ವರ್ಷಗಳಿಂದ ಮಂಜಾಗುತ್ತ ಬಂದು, ಕೊನೆಗೆ ಬೆಳಕು ಯಾವುದು ನೆರಳು ಯಾವುದು ಎಂಬಷ್ಟೇ ಉಳಿದಿತ್ತು. ಆದರೆ ಹೊಸಬರು ಯಾರಾದರೂ ಬಂದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ, ಅಷ್ಟು ನೆಟ್ಟಗೆ ಓಡಾಡುತ್ತಿದ್ದರು. ಕೋಲು ತಂದುಕೊಟ್ಟ ಮಗನನ್ನು, ನನ್ನ ಮನೇಲಿ ನನಗೆ ಕೋಲಾ ಎಂದು ಬೈದು ಅದನ್ನು ಮೂಲೆಗೆ ಸೇರಿಸಿದ್ದರು. ಇಳಿಜಾರಿನಲ್ಲಿ ಕಟ್ಟಿದ ಹಳೆಯ ಮನೆ ಅದು. ಹಾಲಿನಿಂದ ಒಂದು ಬಾಗಿಲು ದಾಟಿದರೆ ಸಣ್ಣ ಓಣಿಯಂಥ ಜಾಗ. ಅಲ್ಲಿಂದ ಎಡಕ್ಕೆ ತಿರುಗಿದರೆ ಅಡುಗೆಮನೆ, ತಿರುಗದೆ ನೇರ ಹೋದರೆ ಹಿತ್ತಲಿಗೆ ಇಳಿಯುವ ಕಲ್ಲಿನ ಮೆಟ್ಟಿಲು. ಆ ಬಾಗಿಲಿಗೆ ಗಿಡ್ಡನೆಯ ಮರದ ಹೊಸ್ತಿಲಿತ್ತು. ಯಾರೇ ದಾಟಲಿ, ಎಲ್ಲಿ ಕೂತಿದ್ದರೂ ಅತ್ತೆ “ಹುಷಾರು, ಹೊಸ್ತಿಲಿದೆ” ಎನ್ನುತ್ತಿದ್ದರು. ಕಣ್ಣಿದ್ದವರಿಗೆ ಕಣ್ಣಿಲ್ಲದವರ ಎಚ್ಚರಿಕೆ! ಗಂಡ ಹೆಂಡತಿ ಒಳಗೊಳಗೇ ನಗುತ್ತಿದ್ದರು.

ಕೊನೆಯ ವರ್ಷದ ಪ್ರಬಂಧಕ್ಕೆ ಸೊಸೆ ಆರಿಸಿಕೊಂಡದ್ದು ಇದೇ ವಿಷಯ: ದೃಷ್ಟಿ ಕಳೆದುಕೊಂಡ ವೃದ್ಧರಿಗೆ ಮನೆಗಳು ಹೇಗಿರಬೇಕು. ಪ್ರಾಧ್ಯಾಪಕರು ಹಿಗ್ಗಿದರು. ಮನೆಯಲ್ಲೇ ಉದಾಹರಣೆ ಇರುವಾಗ ಪುಸ್ತಕ ಯಾಕೆ, ಒಂದು ಮನೆಯನ್ನು ನಿಜವಾಗಿ ಬದಲಾಯಿಸಿ ತೋರಿಸು ಎಂದರು. ಸೊಸೆ ಇಡೀ ಮನೆಯನ್ನು ಅಳೆದಳು. ಬಾಗಿಲುಗಳ ಅಗಲ, ಕಟ್ಟೆಯ ಎತ್ತರ, ಅತ್ತೆ ಎಲ್ಲಿ ಗೋಡೆ ಹಿಡಿಯುತ್ತಾರೆ, ಎಲ್ಲಿ ನಿಧಾನಿಸುತ್ತಾರೆ, ಎಲ್ಲವನ್ನೂ ನಕ್ಷೆಯ ಮೇಲೆ ಗುರುತು ಹಾಕಿದಳು. ಹೊಸ್ತಿಲ ಹತ್ತಿರ ಅತ್ತೆಯ ಹೆಬ್ಬೆರಳು ಮರಕ್ಕೆ ಟಕ್ ಎಂದು ತಾಗುವುದನ್ನು ಎಷ್ಟು ಸಲ ನೋಡಿದಳೋ. ಆ ಉಗುರು ಕಪ್ಪುಗಟ್ಟಿತ್ತು. ಪಾಪ, ದಿನವೂ ಎಡವುತ್ತಿದ್ದಾರೆ, ಬಾಯಿಬಿಟ್ಟು ಹೇಳಿಕೊಳ್ಳುವ ಜೀವವಲ್ಲ ಎಂದುಕೊಂಡಳು. ಅವಳ ಕರುಳು ಚುರುಕ್ಕೆಂದದ್ದು ಸುಳ್ಳಲ್ಲ. ಅವಳು ಓದಿದ ಪಾಠವೆಲ್ಲ ಹೇಳುತ್ತಿದ್ದುದೂ ಅದನ್ನೇ: ನೆಲ ಒಂದೇ ಸಮ ಇರಬೇಕು, ಕಾಲಿಗೆ ಅಡ್ಡ ಏನೂ ಇರಬಾರದು. ಮನೆಯ ಮೂಲೆಮೂಲೆಗೂ ಟೇಪು ಹಿಡಿದವಳು ಅತ್ತೆಯನ್ನು ಒಂದೇ ಒಂದು ಮಾತು ಕೇಳಲಿಲ್ಲ.

ಅತ್ತೆ ಮಗಳ ಮನೆಗೆಂದು ಹೋಗಿದ್ದಾಗ ಸೊಸೆ ಬಡಗಿಯನ್ನು ಕರೆಸಿ ಹೊಸ್ತಿಲು ಕೀಳಿಸಿದಳು. ನೆಲಕ್ಕೆ ಸಮನಾಗಿ ಕಲ್ಲು ಕೂರಿಸಿ ನುಣ್ಣಗೆ ಮಾಡಿಸಿದಳು. ಅತ್ತೆ ವಾಪಸು ಬಂದಾಗ ಹೇಳಲಿಲ್ಲ. ಹೇಳಿದರೆ ರಾದ್ಧಾಂತವಾಗುತ್ತದೆ; ಮೊದಲು ಸಲೀಸಾಗಿ ನಡೆಯಲಿ, ಆಮೇಲೆ ತಾವಾಗಿಯೇ, ಏನು ಮಾಡಿದೆ ಟೇಪಮ್ಮ ಎಂದು ಕೇಳಲಿ... ಆ ಗಳಿಗೆಯ ಚಿತ್ರ ಪ್ರಬಂಧದ ಮೊದಲ ಪುಟಕ್ಕೆ ಬೇಕಿತ್ತು. ಅದಕ್ಕೇ ಓಣಿಯ ಬಲ ಮೂಲೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ಫೋನು ಹಿಡಿದು ನಿಂತಳು. ಅತ್ತೆ ಖಾಲಿ ಲೋಟ ಹಿಡಿದು ಹಾಲಿನಿಂದ ಬಂದರು. ನೆಟ್ಟ ಬೆನ್ನು, ಎತ್ತಿದ ತಲೆ. ಬಾಗಿಲು ದಾಟಿದರು. ಎಡಕ್ಕೆ ತಿರುಗಲಿಲ್ಲ. ಬಾಗಿಲು ಇನ್ನೂ ಬಂದೇ ಇಲ್ಲವೆಂಬಂತೆ ನೇರವಾಗಿ ನಡೆದರು. ಸೊಸೆ ಆ ಪುಟ್ಟ ಪರದೆಯಲ್ಲಿ ಅದನ್ನು ನೋಡುತ್ತಲೇ ಇದ್ದಳು, ಎಷ್ಟು ಚೆನ್ನಾಗಿ ನಡೆಯುತ್ತಿದ್ದಾರೆ ಎಂದುಕೊಳ್ಳುತ್ತಿದ್ದಳು... ಅಯ್ಯೋ, ಅಷ್ಟರಲ್ಲಿ ಲೋಟ ಮೆಟ್ಟಿಲುಗಳ ಮೇಲೆ ಉರುಳಿದ ಸದ್ದು!

ಆಸ್ಪತ್ರೆಯಿಂದ ಮನೆಗೆ ತಂದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಅತ್ತೆಯನ್ನು ಮಲಗಿಸಿದ ದಿನವೇ ನಾದಿನಿ ತನ್ನ ತೀರ್ಪು ಹೇಳಿದಳು. ಅಮ್ಮ ಈ ಸ್ಥಿತಿಯಲ್ಲಿರುವವರೆಗೆ ನೀನು ಕಾಲೇಜಿನ ಕಡೆ ತಲೆ ಹಾಕಬಾರದು. ನನ್ನ ತಾಯಿಯ ಸೊಂಟ ಮುರಿದು ಸಂಪಾದಿಸಿದ ಪದವಿಯನ್ನು ಈ ಮನೆಯ ಗೋಡೆಗೆ ತೂಗುಹಾಕುವುದನ್ನು ನಾನು ನೋಡಲಾರೆ. ಗಂಡ ನೆಲ ನೋಡಿದ. ಸೊಸೆ ಒಂದೇ ಮಾತಿನಲ್ಲಿ “ಆಗಲಿ ಅತ್ತಿಗೆ” ಎಂದಳು. ಅವಳಿಗೂ ಅದೇ ಸರಿಯೆನ್ನಿಸಿತ್ತು. ನಕ್ಷೆಗಳನ್ನು ಸುರುಳಿ ಸುತ್ತಿ ಕಪಾಟಿನ ಮೇಲೆಸೆದಳು. ಅತ್ತೆಯ ಮೈ ಒರೆಸಿದಳು, ಮಲಮೂತ್ರ ಎತ್ತಿದಳು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸಿದಳು. ಕಾಲೇಜಿನಲ್ಲಿ ಪರೀಕ್ಷಕರ ಮುಂದೆ ನಕ್ಷೆ ಹರಡಿ ನಿಲ್ಲಬೇಕಾಗಿದ್ದ ದಿನ ಬಂತು, ಹೋಯಿತು. ಆ ದಿನ ಆಕೆ ಹಾಸಿಗೆಯ ಬಟ್ಟೆ ಒಗೆಯುತ್ತಿದ್ದಳು. ಅದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದಿದ್ದುದು ಅತ್ತೆಯ ಮೌನ. ಮಾತಿಗೊಮ್ಮೆ ಕೊಂಕು ಆಡುತ್ತಿದ್ದ ಆ ಬಾಯಿ ಸೊಸೆಯ ಪಾಲಿಗೆ ಮುಚ್ಚಿಹೋಗಿತ್ತು. ಒಂದು ಬೈಗುಳಕ್ಕಾಗಿ ಅವಳು ಎಷ್ಟು ಹಂಬಲಿಸಿದಳೆಂದರೆ, ಬೇಕೆಂದೇ ಕಾಫಿಗೆ ಸಕ್ಕರೆ ಹಾಕದೆ ಕೊಟ್ಟಳು. ಅತ್ತೆ ಅದನ್ನೂ ಸುಮ್ಮನೆ ಕುಡಿದರು.

ಒಂದು ಬೆಳಗ್ಗೆ ಗಂಜಿ ಕುಡಿಸುತ್ತಿದ್ದಾಗ ಅತ್ತೆ ಮುಖ ತಿರುಗಿಸಿದರು.

“ನನ್ನ ಹೊಸ್ತಿಲು ಎಲ್ಲಿ?”

ಬಡಗಿಯ ಹತ್ತಿರ ಇದೆ, ಇನ್ನೂ ಸೀಳಿಲ್ಲವಂತೆ ಎಂದಳು ಸೊಸೆ.

“ಯಾಕೆ ಕಿತ್ತೆ?”

“ನೀವು ದಿನಾ ಎಡವ್ತಿದ್ರಿ ಅತ್ತೆ... ಉಗುರೆಲ್ಲ ಕಪ್ಪಾಗಿತ್ತು. ನೋವಾಗ್ತಿದೆ ಅಂದ್ಕೊಂಡೆ.”

ಅತ್ತೆಯ ಬಿಳಿ ಕವಿದ ಕಣ್ಣುಗಳು ಸೂರಿನ ಕಡೆ ತೆರೆದೇ ಇದ್ದವು.

“ಎಡವ್ತಿರಲಿಲ್ಲ ಕಣೇ. ಮುಟ್ಟಿ ನೋಡ್ತಿದ್ದೆ. ಹೆಬ್ಬೆರಳಿಗೆ ಅದು ತಾಗಿದ್ರೆ ಬಾಗಿಲು ಬಂತು, ಎಡಕ್ಕೆ ತಿರುಗಬೇಕು ಅಂತ ಗೊತ್ತಾಗ್ತಿತ್ತು. ಅವತ್ತು ಎಷ್ಟು ನಡೆದ್ರೂ ಅದು ಸಿಗಲೇ ಇಲ್ಲ... ನಾನು ಹಾಲಲ್ಲೇ ಇದೀನಿ ಅಂದ್ಕೊಂಡೆ. ಒಂದು ಮಾತು ಕೇಳಿದ್ರೆ ಹೇಳ್ತಿರಲಿಲ್ವಾ ಟೇಪಮ್ಮ?”

ಎಷ್ಟೋ ಕಾಲದ ಮೇಲೆ ಆ ಹೆಸರು! ಸೊಸೆಯ ಕಟ್ಟೆ ಒಡೆಯಿತು. ಗಂಜಿಯ ಬಟ್ಟಲನ್ನು ನೆಲಕ್ಕಿಟ್ಟು, ಅತ್ತೆಯ ಪಾದಗಳ ಮೇಲೆ ಮುಖವಿಟ್ಟು, ಸದ್ದು ಹೊರಬಾರದಂತೆ ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪನಿಲ್ಲದೆ ಬೆಳೆದವಳಿಗೆ ಅಮ್ಮನನ್ನೂ ಕಳೆದುಕೊಂಡಾಗ ಬಂದ ಅಳುವೂ ಹೀಗಿರಲಿಲ್ಲ. ಅತ್ತೆ ತಲೆ ಸವರಲಿಲ್ಲ, ಅಂಥವರಲ್ಲ ಅವರು. ಅಳು ತಗ್ಗಿದ ಮೇಲೆ, ಗಂಜಿ ಆರಿಹೋಯ್ತು, ಬಿಸಿ ಮಾಡ್ಕೊಂಡು ಬಾ ಎಂದರು. ಅವಳು ಎದ್ದು ಬಾಗಿಲವರೆಗೆ ಹೋದಾಗ ಮಾತ್ರ ಮತ್ತೆ ದನಿ ಬಂತು: ಹೋಗಿ ಓದು ಮುಗಿಸು, ಇದನ್ನೂ ಕಾಲೇಜಿನವರಿಗೆ ಹೇಳು, ನಾನು ಬಿದ್ದದ್ದು ಬರೀ ಬಿದ್ದದ್ದೇ ಆಗಬಾರದು. ನನ್ನ ಮಗಳ ಹತ್ತಿರ ನಾನೇ ಮಾತಾಡ್ತೀನಿ. ಫೋಟೋ ತೆಗೆದಿದ್ದೀಯಂತಲ್ಲ, ಹಾಕೋದಾದ್ರೆ ಬೀಳೋಕೆ ಮುಂಚಿನದು ಹಾಕು, ಬಿದ್ದದ್ದು ಬೇಡ.

ಸೊಸೆ ಹೇಳಿಕಳಿಸಿದ್ದಕ್ಕೆ ಅಂದೇ ಬಡಗಿ ಹೊಸ್ತಿಲನ್ನು ಹೊತ್ತು ತಂದ. ಸೊಸೆ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಒಂದು ಕಡೆ ಅಂಚಿನಲ್ಲಿ ಹೆಬ್ಬೆರಳು ಕೂರುವಷ್ಟು ಮರ ಸವೆದು ತಗ್ಗಾಗಿತ್ತು. ಅದರ ಉದ್ದ, ಅಗಲ, ಎತ್ತರ ಎಲ್ಲವನ್ನೂ ಅಳೆದಿದ್ದವಳಿಗೆ ಆ ತಗ್ಗು ಕಂಡಿರಲಿಲ್ಲ. ಮತ್ತೆ ಕೂರಿಸಿದ ಸುತ್ತಿಗೆಯ ಸದ್ದನ್ನು ಅತ್ತೆ ಮಲಗಿದಲ್ಲಿಂದಲೇ ಕೇಳಿಸಿಕೊಂಡರು. ಇನ್ನೆಂದೂ ಅದನ್ನು ದಾಟಲಾಗದು ಎಂದು ಅವರಿಗೂ ಗೊತ್ತಿತ್ತು. ಆದರೂ ದಿನಕ್ಕೊಮ್ಮೆ ಇದೆಯಾ ಎಂದು ಕೇಳುತ್ತಿದ್ದರು, ಸೊಸೆ ಇದೆ ಎನ್ನುತ್ತಿದ್ದಳು.

ಮುಂದಿನ ಅವಕಾಶದಲ್ಲಿ ಆಕೆ ಪರೀಕ್ಷಕರ ಮುಂದೆ ನಿಂತಳು. ಕಣ್ಣಿಲ್ಲದವರ ಮನೆಯಲ್ಲಿ ಯಾವುದನ್ನು ತೆಗೆಯಬಾರದು ಎಂಬುದೇ ಈಗ ಅವಳ ಪ್ರಬಂಧ. ನೆಟ್ಟ ಬೆನ್ನಿನ, ಎತ್ತಿದ ತಲೆಯ ಮುದುಕಿಯ ಚಿತ್ರ ಗೋಡೆಯ ಮೇಲಿತ್ತು. ಒಬ್ಬ ಪರೀಕ್ಷಕರು ಕೆಲಸವನ್ನು ಹೊಗಳಿದರು. ಇನ್ನೊಬ್ಬರು, ವಯಸ್ಸಾದ ಹೆಂಗಸು, ಚಿತ್ರವನ್ನೇ ನೋಡುತ್ತ, ಹೊಸ್ತಿಲು ತೆಗೆಯುವ ಮೊದಲು ಇವರನ್ನು ಕೇಳಿದಿರಾ ಎಂದರು. ಇಲ್ಲ ಎಂದಳು. ಪದವಿ ಬಂತು. ಹಿರಿಯರೊಬ್ಬರ ಕಚೇರಿಯಲ್ಲಿ ಹಗಲೆಲ್ಲ ದುಡಿದು, ಬೆಳಗ್ಗೆ ಸಂಜೆ ಅತ್ತೆಯ ಹಾಸಿಗೆ ನೋಡಿಕೊಂಡು, ಕೊನೆಗೆ ನೋಂದಣಿಯ ಪರೀಕ್ಷೆಯನ್ನೂ ಗೆದ್ದಳು. ನಾದಿನಿ ತಾಯಿಯ ಮಾತಿಗೆ ಕಟ್ಟುಬಿದ್ದು ಅಡ್ಡ ಬರಲಿಲ್ಲ. ಆದರೆ ಆಸ್ಪತ್ರೆಯಲ್ಲಿ ಕೇಳಿದ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಸೊಸೆಯೂ ಅದನ್ನು ಬಯಸಲಿಲ್ಲ.

ಗೆದ್ದ ಸುದ್ದಿಯನ್ನು ಮೊದಲು ಹೇಳಿದ್ದು ಅತ್ತೆಗೇ. ಅಷ್ಟು ಹೊತ್ತಿಗೆ ಅವರು ಒಣಗಿ ಕಡ್ಡಿಯಾಗಿದ್ದರು, ಮಾತು ಎಳೆಎಳೆಯಾಗಿ ಬರುತ್ತಿತ್ತು.

“ಅಂದ್ರೆ ಇನ್ಮೇಲೆ ನೀನು ಹೇಳಿದ ಹಾಗೆ ಜನ ಮನೆ ಕಟ್ಕೋತಾರೆ?”

“ಹೂಂ ಅತ್ತೆ.”

“ಅದಕ್ಕೇ ನನಗೆ ಭಯ.” ಸೊಸೆಯ ಕೈ ಹುಡುಕಿ ಹಿಡಿದುಕೊಂಡರು. “ಕೇಳಿ ಮಾಡು... ಮುದುಕರು ಮೊದಲು ಬೈತಾರೆ. ಬೈಸ್ಕೊಂಡು ಕೇಳು.”

ಅವರು ಆಡಿದ ಕೊನೆಯ ದೊಡ್ಡ ಮಾತು ಅದು. ಆಮೇಲೆ ಹೊಸ್ತಿಲು ಇದೆಯಾ ಎಂದು ಕೇಳುವುದೂ ನಿಂತಿತು. ಕೇಳದಿದ್ದರೂ ಸೊಸೆ ದಿನವೂ ಕಿವಿಯ ಬಳಿ ಬಾಗಿ ಇದೆ ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಹಾಗೆ ಹೇಳಲು ಬಾಗಿದಾಗ ಉಸಿರಿರಲಿಲ್ಲ.

ಅಕ್ಕಪಕ್ಕದ ಗಂಡಸರು ಬಂದರು. ಗಂಡ ಮುಂದೆ ಹೆಗಲು ಕೊಟ್ಟ. ಹಾಲಿನಲ್ಲಿ ನಾದಿನಿ ಗೋಡೆಗೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೋಣೆಯಿಂದ ದೇಹವನ್ನು ಹೊರತಂದು, ಓಣಿಯಲ್ಲಿ ಕಷ್ಟಪಟ್ಟು ತಿರುಗಿಸಿ ಬಾಗಿಲ ಹತ್ತಿರ ಬಂದಾಗ ಹೊತ್ತವರ ಕಣ್ಣೆಲ್ಲ ಭಾರದ ಮೇಲಿತ್ತು, ಕೆಳಗೆ ನೋಡುವವರಿರಲಿಲ್ಲ. ಹಿಂದೆ ನಿಂತಿದ್ದ ಸೊಸೆ ಹೇಳಿದಳು.

“ಹುಷಾರು... ಹೊಸ್ತಿಲಿದೆ.”

ಗಂಡ ತಿರುಗಿ ನೋಡಿದ. ಮಾತು ಹೆಂಡತಿಯದು, ಧಾಟಿ ತಾಯಿಯದು. ಅವನ ಮುಖ ಮುದುಡಿತು, ಆದರೆ ಕಾಲೆತ್ತಿ ದಾಟಿದ. ಒಬ್ಬೊಬ್ಬರಾಗಿ ಎಲ್ಲರೂ ದಾಟಿದರು. ಕೊನೆಯವನ ಹೆಬ್ಬೆರಳು ಮಾತ್ರ ಮರಕ್ಕೆ ಟಕ್ ಎಂದು ತಾಗಿತು. ಆ ಸದ್ದಿಗೆ ಸೊಸೆ ರೂಢಿಯಂತೆ ಅಡುಗೆಮನೆಯ ಕಡೆಗೆ ತಿರುಗಿ, ಅತ್ತೆ ಬರಲೆಂದು ದಾರಿ ಬಿಟ್ಟು ನಿಂತಳು.